ನೆರೆಯವನು ಯಾರು: ಕ್ರೈಸ್ತ ಪ್ರಾಥಮಿಕ ಶಾಲೆಯಲ್ಲಿ ಸೇವೆಯ ಪ್ರಶ್ನೆ

ಪ್ರತಿಫಲದ ಲೆಕ್ಕ ಹಾಕದೆ ಸ್ವಂತ ಇಚ್ಛೆಯಿಂದ ಮಾಡುವ ಕೆಲಸವೇ ಸೇವೆ ಎಂದು ಒಪ್ಪುವುದಾದರೆ, ಆರರಿಂದ ಹನ್ನೆರಡು ವರ್ಷದ ಮಕ್ಕಳಿಂದ ಅದನ್ನು ವೇಳಾಪಟ್ಟಿಯ ಪ್ರಕಾರ ಮಾಡಿಸಿದಾಗ ಅದು ಸೇವೆಯಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ಏಳುತ್ತದೆ. ಶಾಲೆಗೆ ಬರುವುದೇ ಮಗುವಿನ ಆಯ್ಕೆಯಲ್ಲ. ಶನಿವಾರ ಬೆಳಿಗ್ಗೆ ಅಂಗಳ ಗುಡಿಸುವುದಾಗಲಿ ವೃದ್ಧಾಶ್ರಮಕ್ಕೆ ಹಣ್ಣು ಕೊಂಡೊಯ್ಯುವುದಾಗಲಿ ಅದರ ನಿರ್ಧಾರವೂ ಅಲ್ಲ. ಕ್ರೈಸ್ತ ಸಂಸ್ಥೆಗಳು ನಡೆಸುವ ಪ್ರಾಥಮಿಕ ಶಾಲೆಗಳಲ್ಲಿ ಈ ತೊಡಕಿಗೆ ಇನ್ನೊಂದು ಸೇರಿಕೊಳ್ಳುತ್ತದೆ. ಕರ್ನಾಟಕದ ಕರಾವಳಿಯ ಇಂಥ ಶಾಲೆಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳ ಮಕ್ಕಳು ಒಂದೇ ಬೆಂಚಿನ ಮೇಲೆ ಕೂರುವುದರಿಂದ, ಯೇಸುವಿನ ಬೋಧನೆಯಿಂದ ಹುಟ್ಟಿದ ಮೌಲ್ಯವನ್ನು ಆ ನಂಬಿಕೆಯನ್ನು ಕೇಳದೆಯೇ ಕಲಿಸಬೇಕಾಗುತ್ತದೆ.

ಮೊದಲನೆಯ ತೊಡಕಿಗೆ ಹಳೆಯ ಉತ್ತರವೊಂದಿದೆ. ಸದ್ಗುಣವು ಉಪದೇಶದಿಂದಲ್ಲ, ಅಭ್ಯಾಸದಿಂದ ಬರುತ್ತದೆಂದು, ನ್ಯಾಯವಾಗಿ ನಡೆದು ನಡೆದೇ ಮನುಷ್ಯ ನ್ಯಾಯವಂತನಾಗುತ್ತಾನೆಂದು ಅರಿಸ್ಟಾಟಲ್ ವಾದಿಸಿದ್ದನು. ಕ್ರೈಸ್ತ ಶಾಲೆಗಳು ಬಹುಮಟ್ಟಿಗೆ ಈ ದಾರಿಯನ್ನೇ ಹಿಡಿದಿವೆಯಾದರೂ, ಆ ಧರ್ಮದ ಒಳಗೇ ಅದರ ಬಗ್ಗೆ ಗಾಢವಾದ ಅನುಮಾನವೊಂದಿದೆ. ಸತ್ಕಾರ್ಯಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗುವುದಿಲ್ಲ, ಮರದಲ್ಲಿ ಹಣ್ಣು ಬಿಡುವಂತೆ ಅವು ನಂಬಿಕೆಯಿಂದ ತಾವಾಗಿ ಬರಬೇಕು ಎಂಬುದು ಹದಿನಾರನೆಯ ಶತಮಾನದ ಸುಧಾರಕ ಮಾರ್ಟಿನ್ ಲೂಥರನ ನಿಲುವು. ಹಾಗಿದ್ದಲ್ಲಿ ಅಭ್ಯಾಸ ಮಾಡಿಸಿದ ಸೇವೆ ಬರಿಯ ಶಿಸ್ತಾಗಿ ಉಳಿಯುವ ಅಪಾಯವಿದೆ. ಅದಕ್ಕಿಂತ ಕೆಟ್ಟದ್ದೆಂದರೆ, ತಾನು ಒಳ್ಳೆಯವನೆಂಬ ಗರ್ವಕ್ಕೆ ಅದು ಗೊಬ್ಬರವಾಗಬಹುದು.

ಶಾಲೆಗಳ ನೀತಿಪಾಠದಲ್ಲಿ ಹೆಚ್ಚಾಗಿ ಬಳಕೆಯಾಗುವ ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದ ಸಾಮ್ಯವು, ಅಂದರೆ ದೃಷ್ಟಾಂತದ ಕಥೆಯು, ಈ ಗರ್ವವನ್ನೇ ಗುರಿಯಾಗಿಸಿಕೊಂಡಿದೆ ಎಂಬುದು ಗಮನಕ್ಕೆ ಬರುವುದು ಕಡಿಮೆ. ಜೆರುಸಲೇಮಿನಿಂದ ಯೆರಿಕೋವಿಗೆ ಇಳಿಯುವ ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡು ಬಿದ್ದವನನ್ನು ಯಾಜಕನೂ, ದೇವಾಲಯದ ಊಳಿಗಕ್ಕೆ ಸೇರಿದ ಲೇವಿಯನೂ ಕಂಡು ಪಕ್ಕಕ್ಕೆ ಸರಿದು ಹೋಗುತ್ತಾರೆ. ಯೆಹೂದ್ಯರು ಹೀನವಾಗಿ ಕಾಣುತ್ತಿದ್ದ ಸಮಾರ್ಯದವನೊಬ್ಬನು ನಿಂತು ಗಾಯಕ್ಕೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟುತ್ತಾನೆ, ತನ್ನ ವಾಹನದ ಪಶುವಿನ ಮೇಲೆ ಕೂರಿಸಿ ಛತ್ರಕ್ಕೆ ಒಯ್ಯುತ್ತಾನೆ, ಎರಡು ದಿನದ ಕೂಲಿಯಷ್ಟು ಹಣವನ್ನು ಛತ್ರದವನ ಕೈಗೆ ಕೊಟ್ಟು ಹೆಚ್ಚಾದದ್ದನ್ನು ಹಿಂದಿರುಗುವಾಗ ತೀರಿಸುವೆನೆನ್ನುತ್ತಾನೆ. ತನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಿಯೊಬ್ಬನು ಕೇಳಿದ್ದಕ್ಕೆ ಹುಟ್ಟಿದ ಕಥೆಯಿದು. ಕೇಳಿದವನು ತನ್ನನ್ನು ಕೊಡುವವನ ಸ್ಥಾನದಲ್ಲಿಟ್ಟುಕೊಂಡೇ ಕೇಳಿದ್ದನು. ಕಥೆ ಮುಗಿಯುವಾಗ ಕೊಡುವವನು ಅವನು ಅಸಹ್ಯಪಡುತ್ತಿದ್ದ ಜನದವನಾಗಿರುತ್ತಾನೆ. ಬಡವರಿಗೆ ಸಹಾಯ ಮಾಡಿ ಎಂಬಷ್ಟಕ್ಕೆ ಈ ಕಥೆಯನ್ನು ಇಳಿಸಿ ಹೇಳುವ ಪಾಠದಲ್ಲಿ ಈ ತಿರುವು ಬಿದ್ದುಹೋಗುತ್ತದೆ. ಯಾರಿಂದ ಸಮಾಜ ಏನನ್ನೂ ನಿರೀಕ್ಷಿಸುವುದಿಲ್ಲವೋ ಅವನು ಕೊಡುವವನಾಗಿ ನಿಲ್ಲಬಲ್ಲನೆಂಬುದು ಇಲ್ಲಿನ ತಿರುಳೆಂದು ತೆಗೆದುಕೊಂಡರೆ, ತರಗತಿಯ ಅತಿ ಬಡ ಮಗುವಿಗೂ ಕೊಡುವ ಅವಕಾಶ ಸಿಗುತ್ತಿದೆಯೇ ಎಂಬುದು ಶಾಲೆಯ ಸೇವೆಯನ್ನು ಅಳೆಯುವ ಮಾನದಂಡವಾಗಬೇಕಾಗುತ್ತದೆ.

ಕರಾವಳಿಯ ಕ್ರೈಸ್ತ ಶಾಲೆಗಳ ಒಂದು ಪ್ರಮುಖ ಪರಂಪರೆಯ ಬೇರು ಪಯಟಿಸಂ ಎಂಬ ಚಳವಳಿಯಲ್ಲಿದೆ. ವಿಧಿಗಿಂತ ಅಂತರಂಗದ ಭಕ್ತಿಗೂ ನಿತ್ಯಜೀವನದ ಶುದ್ಧಿಗೂ ಒತ್ತು ಕೊಟ್ಟ ಜರ್ಮನ್ ಪ್ರಾಟೆಸ್ಟೆಂಟ್ ಧಾರೆ ಅದು. ಆ ಧಾರೆಯ ಆಗಸ್ಟ್ ಹರ್ಮನ್ ಫ್ರಾಂಕೆ 1695ರಲ್ಲಿ ಹಾಲೆ ನಗರದ ಅಂಚಿನಲ್ಲಿ ಬಡಮಕ್ಕಳ ಶಾಲೆ ತೆರೆದದ್ದು ಕಾಣಿಕೆ ಡಬ್ಬಿಯಲ್ಲಿ ದೊರೆತ ಸಣ್ಣ ಮೊತ್ತದಿಂದ. ಅದೇ ಮನೋಧರ್ಮದಿಂದ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಎರಡೇ ವರ್ಷಗಳಲ್ಲಿ ಕನ್ನಡ ಶಾಲೆಯನ್ನು ಆರಂಭಿಸಿದರು. ಜಾತಿಯೊಂದಿಗೆ ಕಸುಬನ್ನೂ ಕಳೆದುಕೊಂಡ ಹೊಸ ಕ್ರೈಸ್ತರಿಗೆ ಅವರು ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ಕೆಲಸ ಒದಗಿಸಿದರು. ಈ ಸೇವೆಯ ಜೊತೆಗೆ ಮತಪ್ರಚಾರದ ಉದ್ದೇಶವೂ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಅದನ್ನು ಅವರೂ ಮರೆಮಾಚಿರಲಿಲ್ಲ. ಇನ್ನು ಸೇವೆ ಕ್ರೈಸ್ತರ ಏಕಸ್ವಾಮ್ಯವೂ ಆಗಿರಲಿಲ್ಲ: ಬ್ರಹ್ಮಸಮಾಜದ ಕುದ್ಮುಲ್ ರಂಗರಾವ್ 1892ರಲ್ಲಿ ಅದೇ ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದು ಸ್ವಜಾತಿಯವರ ಬಹಿಷ್ಕಾರವನ್ನು ಎದುರಿಸಿದರು.

ನಂಬಿಕೆಯನ್ನು ಕೇಳದೆ ಮೌಲ್ಯವನ್ನು ಕಲಿಸಬೇಕೆಂಬ ಎರಡನೆಯ ತೊಡಕು ಕಾನೂನಿನದೂ ಹೌದು. ಸಂವಿಧಾನದ 28ನೆಯ ವಿಧಿಯ ಮೂರನೆಯ ಖಂಡದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ, ಪೋಷಕರ ಒಪ್ಪಿಗೆ ಇಲ್ಲದೆ, ಧಾರ್ಮಿಕ ಬೋಧನೆಯಲ್ಲಾಗಲಿ ಪ್ರಾರ್ಥನೆಯಲ್ಲಾಗಲಿ ಪಾಲ್ಗೊಳ್ಳಲು ಒತ್ತಾಯಿಸುವಂತಿಲ್ಲ. ಆದ್ದರಿಂದಲೇ ಅನೇಕ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳಿಗೆ ಧರ್ಮೋಪದೇಶವೂ ಉಳಿದವರಿಗೆ ನೀತಿಪಾಠವೂ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ನಡೆಯುತ್ತವೆ. ಎರಡು ಕೋಣೆಗಳ ಮಕ್ಕಳು ಮತ್ತೆ ಒಂದಾಗುವುದು ಸೇವೆಯ ಕೆಲಸದಲ್ಲಿ. ಶಾಲೆಯ ಕ್ರೈಸ್ತತನವನ್ನು ಅವರೆಲ್ಲರೂ ಒಟ್ಟಿಗೆ ಕಾಣುವುದು ಅಲ್ಲಿಯೇ ಆದುದರಿಂದ, ಆ ಕೆಲಸದ ರೀತಿ ಬೋಧನೆಗಿಂತ ಹೆಚ್ಚು ಮಾತಾಡುತ್ತದೆ.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ತಪಸ್ಸು ಕಾಲದಲ್ಲಿ ಶಾಲೆಗಳಲ್ಲಿ ನಡೆಯುವ ಹಣ ಸಂಗ್ರಹವನ್ನು ನೋಡಬಹುದು. ಮಕ್ಕಳು ತಿಂಡಿಗೆ ಕೊಟ್ಟ ಚಿಲ್ಲರೆಯಲ್ಲಿ ಉಳಿಸಿ ರಟ್ಟಿನ ಡಬ್ಬಿಗೆ ಹಾಕುತ್ತಾರೆ. ತರಗತಿವಾರು ಮೊತ್ತವನ್ನು ನೋಟಿಸ್ ಬೋರ್ಡಿನಲ್ಲಿ ಬರೆದು, ಮೊದಲು ಬಂದ ತರಗತಿಗೆ ಅಸೆಂಬ್ಲಿಯಲ್ಲಿ ಚಪ್ಪಾಳೆ ತಟ್ಟಿಸಿದ ಕೂಡಲೇ ಅದು ಪೋಷಕರ ಜೇಬಿನ ಸ್ಪರ್ಧೆಯಾಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಮತ್ತಾಯನ ಸುವಾರ್ತೆಯ ಪರ್ವತ ಪ್ರಸಂಗದಲ್ಲಿ ಹೇಳಿರುವುದಕ್ಕೂ, ಧನಿಕರ ದೊಡ್ಡ ಕಾಣಿಕೆಗಳಿಗಿಂತ ಬಡ ವಿಧವೆಯ ಎರಡು ಪುಡಿಕಾಸು ಹೆಚ್ಚೆಂದು ಮಾರ್ಕನು ದಾಖಲಿಸಿರುವುದಕ್ಕೂ ಇದು ನೇರ ವಿರುದ್ಧ. ಡಬ್ಬಿಯನ್ನು ಕೈಬಿಡಬೇಕಾಗಿಲ್ಲ, ಬೋರ್ಡನ್ನು ಒರೆಸಿದರೆ ಸಾಕು.

ಬಿಸಿಯೂಟದ ಹೊತ್ತು ಇದಕ್ಕಿಂತ ಒಳ್ಳೆಯ ಪಾಠಶಾಲೆ. ಆದಿ ಕ್ರೈಸ್ತ ಸಭೆಯ ಮೊದಲ ಸಂಘಟಿತ ಸೇವೆ ಹುಟ್ಟಿದ್ದೂ ಅನ್ನದ ವಿಷಯದಲ್ಲಿಯೇ: ದಿನದಿನದ ಹಂಚಿಕೆಯಲ್ಲಿ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂಬ ದೂರು ಬಂದಾಗ ಏಳು ಮಂದಿಯನ್ನು ಆ ಕೆಲಸಕ್ಕೆ ನೇಮಿಸಿದ ಸಂಗತಿ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿದೆ. ದೂರನ್ನು ಆಲಿಸಿ ಪಾಲನ್ನು ಸರಿಪಡಿಸುವುದು ಅಲ್ಲಿ ಸೇವೆಯ ಮೊದಲ ಹೆಜ್ಜೆಯಾಗಿತ್ತೇ ಹೊರತು ಕರುಣೆಯ ಪ್ರದರ್ಶನವಲ್ಲ. ಏಳನೆಯ ತರಗತಿಯವರು ಒಂದನೆಯ ತರಗತಿಯ ಸಾಲಿಗೆ ಅನ್ನ ಸಾರು ಬಡಿಸುವ ಸರದಿಯಲ್ಲಿ ಕೂಲಿಕಾರನ ಮಗನೂ ಡಾಕ್ಟರರ ಮಗಳೂ ಒಂದೇ ಸೌಟು ಹಿಡಿಯುತ್ತಾರೆ. ಕೊನೆಯ ಸಾಲಿಗೂ ಸಾರಿನಲ್ಲಿ ಬೇಳೆ ಉಳಿದಿದೆಯೇ ಎಂದು ನೋಡುವ ಹೊಣೆ ಬಡಿಸುವವರದೇ ಆಗುತ್ತದೆ. ವರ್ಷಕ್ಕೊಮ್ಮೆ ಬ್ಯಾನರ್ ಹಿಡಿದು ಅನಾಥಾಲಯದ ಮೆಟ್ಟಿಲ ಮೇಲೆ ಫೋಟೋ ತೆಗೆಸಿಕೊಳ್ಳುವುದರಲ್ಲಿ ಈ ಹೊಣೆ ಇಲ್ಲ.

ಹೆಚ್ಚು ಎಚ್ಚರ ಬೇಕಾದದ್ದು ಸ್ವಚ್ಛತೆಯ ಕೆಲಸದಲ್ಲಿ. ಜಾತಿಯ ಸಮಾಜದಲ್ಲಿ ಪೊರಕೆ ಬರಿಯ ಉಪಕರಣವಲ್ಲ. 2023ರಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಪ್ರಕರಣ ನಾಡಿಗೆಲ್ಲ ತಿಳಿದಿದೆ. ಗುಂಡಿಯನ್ನಾಗಲಿ ಶೌಚಾಲಯವನ್ನಾಗಲಿ ತೊಳೆಯಲು ಯಾವ ಮಗುವನ್ನೂ ಕಳಿಸುವಂತಿಲ್ಲ. ಅಂಗಳ, ಜಗಲಿ, ತರಗತಿ ಗುಡಿಸುವುದನ್ನು ಶ್ರಮದಾನವೆಂದು ಕರೆಯುವ ಮುನ್ನವೂ ಅದು ಯಾರ ಪಾಲಿಗೆ ಬರುತ್ತಿದೆಯೆಂದು ಶಾಲೆ ನೋಡಿಕೊಳ್ಳಬೇಕು. ಯೋಹಾನನ ಸುವಾರ್ತೆಯಲ್ಲಿ ಕೊನೆಯ ಭೋಜನದ ರಾತ್ರಿ ಗುರುವೇ ನಡುವಿಗೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಪಾದ ತೊಳೆಯುತ್ತಾನೆ. ಅದು ಆಳು ಮಾಡುವ ಕೆಲಸ; ಶಿಷ್ಯ ಪೇತ್ರನು ಮೊದಲು ತಡೆಯುವುದೂ ಅಲ್ಲಿದೆ. ಆ ಪ್ರಸಂಗವನ್ನು ಪಾಠ ಮಾಡುವ ಶಾಲೆ ಗುಡಿಸುವ ಸರದಿಯ ಪಟ್ಟಿಯಲ್ಲಿ ಮೇಷ್ಟ್ರ, ಟೀಚರ, ಮುಖ್ಯೋಪಾಧ್ಯಾಯಿನಿಯ ಹೆಸರನ್ನೂ ಸೇರಿಸಬೇಕಾಗುತ್ತದೆ. ಹಾಗೆ ಸೇರಿಸಿದ ಮೇಲೆ, ತಡವಾಗಿ ಬಂದ ಹುಡುಗನಿಗೆ ಅದೇ ಪೊರಕೆಯನ್ನು ಶಿಕ್ಷೆಯಾಗಿ ಕೊಡಲು ಆ ಶಾಲೆಗೆ ಬರುವುದಿಲ್ಲ.