ಕಾಗೆಗೆ ಇಕ್ಕಿದ ತುತ್ತು

ಮನೆಯೊಡತಿಯು ಮಧ್ಯಾಹ್ನದ ಅಡಿಗೆ ಮುಗಿದ ಮೇಲೆ ಒಂದು ಹಿಡಿ ಅನ್ನವನ್ನು ಹಿತ್ತಲ ಗೋಡೆಯ ಮೇಲೆ ಇಡುತ್ತಾಳೆ. ಕಾಗೆಯೊಂದು ಬಂದು ಕುಳಿತು, ಕತ್ತನ್ನು ಓರೆಮಾಡಿ ಅನ್ನವನ್ನೊಮ್ಮೆ ಬಾಗಿಲನ್ನೊಮ್ಮೆ ನೋಡಿ, ಕೂಗಿಕೊಳ್ಳುತ್ತದೆ. ಕ್ಷಣಮಾತ್ರದಲ್ಲಿ ಬೇವಿನ ಮರದಿಂದ ಎರಡು, ಎದುರು ಮಾಳಿಗೆಯಿಂದ ಮೂರು ಬಂದಿಳಿಯುತ್ತವೆ. ಈ ದೃಶ್ಯವು ಕನ್ನಡ ನಾಡಿನ ಗೃಹಸ್ಥರಿಗೆ ಎಷ್ಟು ಪರಿಚಿತವಾದುದೆಂದರೆ, ಇದರಲ್ಲಿ ವಿಚಾರಮಾಡತಕ್ಕ ವಿಷಯವೊಂದು ಅಡಗಿದೆಯೆಂದು ಸಾಮಾನ್ಯವಾಗಿ ಯಾರಿಗೂ ತೋರುವುದಿಲ್ಲ. ಬಸವಣ್ಣನವರಿಗೆ ತೋರಿತು. ಕಂಡ ಆಹಾರಕ್ಕೆ ತನ್ನವರನ್ನು ಕರೆಯುವ ಕಾಗೆಯನ್ನೂ ಕೋಳಿಯನ್ನೂ ಅವರು ತಮ್ಮ ಒಂದು ವಚನದಲ್ಲಿ ಶಿವಭಕ್ತನೆದುರಿಗೆ ತಂದು ನಿಲ್ಲಿಸಿ, ಆ ಬಳಗಪ್ರೀತಿಯು ಇಲ್ಲದ ಭಕ್ತನು ಅವುಗಳಿಗಿಂತಲೂ ಕಡೆಯೆಂದು ನಾಚಿಸಿದರು. ಆ ವಚನವು ಎಲ್ಲರ ಬಾಯಲ್ಲಿದೆ. ಆದರೆ ಅದರ ಕೇವಲ ಲೌಕಿಕವಾದ ಅರ್ಥವನ್ನು ಗಮನಿಸಿದವರು ವಿರಳ. ಕಾಗೆಯ ಸ್ವಭಾವವು ಹಾಗಿರುವುದರಿಂದ, ಒಂದು ಕಾಗೆಯನ್ನು ಕರೆದವನು ಒಂದನ್ನೇ ಕರೆದಂತಾಗುವುದಿಲ್ಲ. ಅದರ ಬಳಗವನ್ನೆಲ್ಲ ಕರೆದಂತಾಗುತ್ತದೆ. ಇಕ್ಕಿದ ಕೈಯ ಹೊಣೆಯು ಎಲ್ಲಿಯವರೆಗೆ ಹೋಗುತ್ತದೆ ಎಂಬ ಪ್ರಶ್ನೆಯು ಇಲ್ಲಿಂದಲೇ ಹುಟ್ಟುತ್ತದೆ.

ಅಮೆರಿಕ ದೇಶದ ವಾಯವ್ಯ ಮೂಲೆಯಲ್ಲಿರುವ ಸಿಯಾಟಲ್ ನಗರದಲ್ಲಿ ನಡೆದ ಒಂದು ಸಂಗತಿಯು ಈ ಪ್ರಶ್ನೆಗೆ ತಕ್ಕ ಒರೆಗಲ್ಲಾಗಿದೆ. ಅಲ್ಲಿಯ ಒಂದು ಮನೆಯ ನಾಲ್ಕು ವರ್ಷದ ಹೆಣ್ಣುಮಗುವು 2011ರ ಸುಮಾರಿಗೆ, ಮಕ್ಕಳಿಗೆ ಸಹಜವಾದಂತೆ, ಕಾರಿನಿಂದಿಳಿಯುವಾಗ ತಿಂಡಿಯನ್ನು ಚೆಲ್ಲಿಕೊಳ್ಳುತ್ತಿತ್ತು. ಕಾಗೆಗಳು ಇದನ್ನು ಕಂಡುಕೊಂಡವು. ಮಗುವು ಬೆಳೆದು ಶಾಲೆಗೆ ಹೋಗತೊಡಗಿದಾಗ, ಚೆಲ್ಲಿದ್ದು ಹೋಗಿ ಕೊಟ್ಟದ್ದಾಯಿತು. ಬುತ್ತಿಯ ಒಂದು ಪಾಲು ದಾರಿಯ ಕಾಗೆಗಳಿಗೆ ಸಲ್ಲತೊಡಗಿತು. 2013ರಿಂದ ತಾಯಿಮಗಳಿಬ್ಬರೂ ಅದನ್ನು ನಿತ್ಯದ ನೇಮವನ್ನಾಗಿ ಮಾಡಿಕೊಂಡು, ಬೆಳಿಗ್ಗೆ ಹಕ್ಕಿಯ ಬಟ್ಟಲಿಗೆ ಹೊಸ ನೀರನ್ನು ತುಂಬಿ, ತಟ್ಟೆಯಲ್ಲಿ ಕಡಲೆಕಾಯಿಯನ್ನು ಹರಡಿ ಇಡತೊಡಗಿದರು. ಆ ಮೇಲೆ ಯಾರೂ ಎಣಿಸದಿದ್ದ ಒಂದು ವಿಷಯವು ನಡೆಯಿತು. ಬರಿದಾದ ತಟ್ಟೆಯಲ್ಲಿ ಮಣಿ, ಗುಂಡಿ, ಕಿವಿಯೋಲೆ, ತುಕ್ಕು ಹಿಡಿದ ತಿರುಪು, ಬಣ್ಣದ ಗಾಜಿನ ಚೂರು, ಇಂಥವು ಕಾಣಿಸಿಕೊಳ್ಳತೊಡಗಿದವು. ತಾಯಿಯು ಒಮ್ಮೆ ಹೊರಗೆ ಕಳೆದುಕೊಂಡ ಛಾಯಾಯಂತ್ರದ ಮುಚ್ಚಳವು ಸಹ ಅಂಗಳದ ನೀರಿನ ಬಟ್ಟಲಿನ ಅಂಚಿಗೆ ಬಂದಿತು. ಕಾಗೆಯೊಂದು ಅದನ್ನು ತಂದು ತೊಳೆದಿಟ್ಟುದು ಮನೆಯವರ ಕಾವಲು ಯಂತ್ರದ ಚಿತ್ರದಲ್ಲಿ ಮೂಡಿತ್ತು. ಹುಡುಗಿಯು ಈ ಕಾಣಿಕೆಗಳನ್ನೆಲ್ಲ ಪುಟ್ಟ ಡಬ್ಬಿಗಳಲ್ಲಿ ದಿನಾಂಕ ಬರೆದು ಜೋಡಿಸಿಟ್ಟಳು. 2015ರಲ್ಲಿ ಈ ವಾರ್ತೆಯು ದೇಶದೇಶಗಳಿಗೆ ಹಬ್ಬಿತು.

ವಾರ್ತೆಯನ್ನು ಓದಿದವರೆಲ್ಲರೂ ಮಣಿಗಳನ್ನು ನೆನಪಿಟ್ಟರು. ಅದೇ ತಟ್ಟೆಗೆ ಕೊಳೆತ ಏಡಿಯ ಕೊಂಡಿಯೊಂದು ಕೂಡ ಬಂದಿತ್ತೆಂಬುದನ್ನು ನೆನಪಿಟ್ಟವರು ಕಡಿಮೆ. ಕಾಗೆಗಳನ್ನು ಬಹುಕಾಲ ಅಭ್ಯಾಸಮಾಡಿದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜಾನ್ ಮಾರ್ಜ್ಲಫ್ ಎಂಬ ವಿದ್ವಾಂಸರು, ಕಾಗೆಗಳು ಮನುಷ್ಯರಿಗೆ ವಸ್ತುಗಳನ್ನು ತಂದಿಡುವುದುಂಟೆಂದು ಒಪ್ಪುತ್ತಾರೆ. ಆದರೆ ತಂದೇ ತರುತ್ತವೆಂದು ಹೇಳಲಾಗದು, ತಂದುದು ಕೆಲವೊಮ್ಮೆ ಸತ್ತ ಹಕ್ಕಿಮರಿಯಾಗಿರುವುದೂ ಉಂಟು ಎನ್ನುತ್ತಾರೆ. ಕಾಗೆಯ ದೃಷ್ಟಿಗೆ ಮಣಿಯೂ ಮರಿಯ ಹೆಣವೂ ಸಮಾನವಾಗಿಯೇ ಬೆಲೆಯುಳ್ಳವಾಗಿರಬಹುದು. ಹೊಳೆಯುವುದನ್ನು ಕೃತಜ್ಞತೆಯೆಂದೂ ನಾರುವುದನ್ನು ಕಸವೆಂದೂ ವಿಂಗಡಿಸಿದವನು ಮನುಷ್ಯನು.

ಈ ವಿಂಗಡಣೆಯ ಮೂಲದಲ್ಲಿ ಫಲಾಪೇಕ್ಷೆಯಿದೆ. ಮಗುವು ಮಣಿಯ ಆಸೆಯಿಂದ ಕಾಳನ್ನಿಟ್ಟುದಲ್ಲ; ಅದರ ಕೈಯಿಂದ ತಿಂಡಿಯು ತಾನಾಗಿ ಜಾರಿತ್ತು. ಆ ವಾರ್ತೆಯನ್ನು ಓದಿ ನಾಳೆ ಮುಂಜಾನೆ ಮಣಿಗಾಗಿ ಕಡಲೆಯನ್ನು ಚೆಲ್ಲುವವನು ಮಾಡುವುದು ವ್ಯಾಪಾರ. ಕಾಗೆಯನ್ನು ಪಿತೃಗಳ ರೂಪವೆಂದು ಬಗೆದು ಪಿಂಡವನ್ನಿಟ್ಟು, ಅದು ಮುಟ್ಟಿತೇ ಇಲ್ಲವೇ ಎಂದು ಕಾಯುತ್ತ ನಿಲ್ಲುವವನ ಮನಸ್ಸಿನಲ್ಲಿಯೂ ಒಂದು ಲೆಕ್ಕವಿದೆ. ಲಿಂಗೈಕ್ಯನಾದವನಿಗೆ ಪಿಂಡಪ್ರದಾನದ ಅವಶ್ಯಕತೆಯಿಲ್ಲವೆಂದು ನಂಬಿದ ಶರಣಮಾರ್ಗದವರಿಗೆ ಇದರಿಂದ ಒಂದು ಸೌಲಭ್ಯವು ಒದಗಿದೆ. ಅವರ ಪಾಲಿಗೆ ಕಾಗೆಯು ಅಜ್ಜನೂ ಅಲ್ಲ, ಶನಿಯ ವಾಹನವೂ ಅಲ್ಲ, ಅಪಶಕುನವೂ ಅಲ್ಲ. ಹಸಿವುಳ್ಳ ಒಂದು ಜೀವ. ದಾನವೆಂಬ ಶಬ್ದವನ್ನು ಬಿಟ್ಟು ಶರಣರು ದಾಸೋಹವೆಂಬ ಶಬ್ದವನ್ನು ಹಿಡಿದುದು ಸುಮ್ಮನೆ ಅಲ್ಲ. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ; ದಾಸೋಹದಲ್ಲಿ ಕೊಡುವವನೇ ದಾಸನು. ದಾಸನಿಗೆ ಪ್ರತಿಫಲವನ್ನು ಕೇಳುವ ಅಧಿಕಾರವಿಲ್ಲ. ಇಷ್ಟರಮಟ್ಟಿಗೆ ವಿಷಯವು ಸುಲಭವಾಗಿದೆ.

ಕಠಿಣವಾದುದು ಮುಂದಿದೆ. ಸಿಯಾಟಲಿನ ಆ ಬೀದಿಯಲ್ಲಿ ಆ ಮನೆಯೊಂದೇ ಇದ್ದಿಲ್ಲ. ಮಣಿಯ ವಾರ್ತೆಯು ಲೋಕಕ್ಕೆಲ್ಲ ಹಬ್ಬಿದ ಅದೇ 2015ರಲ್ಲಿ ನೆರೆಯವರಲ್ಲಿ ಕೆಲವರು ನ್ಯಾಯಾಲಯದ ಮೆಟ್ಟಿಲನ್ನೇರಿದರು. ಹಕ್ಕಿಗಳ ಗದ್ದಲ, ಮಾಡಿನ ಮೇಲೂ ವಾಹನಗಳ ಮೇಲೂ ಬೀಳುವ ಹಿಕ್ಕೆ, ಉಳಿದ ಕಾಳಿಗಾಗಿ ಬರುವ ಇಲಿಗಳು, ಇವೇ ಅವರ ದೂರು. ಒಂದು ಪಕ್ಷದ ದೂರೆಲ್ಲವೂ ಸತ್ಯವೆಂದು ಭಾವಿಸಬೇಕಾದುದಿಲ್ಲ. ಹಕ್ಕಿಯ ಕೂಗನ್ನೇ ಸೈರಿಸದ ನೆರೆಯವರು ಎಲ್ಲ ಊರುಗಳಲ್ಲಿಯೂ ಇರುತ್ತಾರೆ. ಆಕಾಶಕ್ಕೆ ಬೇಲಿಯೂ ಇಲ್ಲ. ಆದರೂ ಆ ದೂರಿನೊಳಗೆ ಒಂದು ತಿರುಳಿದೆ. ಅದು ಭಕ್ತನಾದವನು ತಳ್ಳಿಹಾಕುವಂಥದಲ್ಲ.

ದಾಸೋಹಕ್ಕೆ ಸಲ್ಲುವ ಪದಾರ್ಥವು ಸತ್ಯಶುದ್ಧವಾದ ಕಾಯಕದಿಂದ ಬಂದುದಾಗಿರಬೇಕೆಂಬುದು ಶರಣರ ಮೊದಲ ನಿಯಮ. ಕದ್ದು ತಂದ ಅಕ್ಕಿಯಿಂದ ಜಂಗಮಕ್ಕೆ ಉಣಿಸಿದರೆ ಅದು ದಾಸೋಹವಾಗದು. ಕಾಗೆಗೆ ಕಾಳನ್ನಿಟ್ಟವನ ಕಡಲೆಯು ಅವನದೇ, ಅವನ ಸಂಪಾದನೆಯದೇ, ಅದರಲ್ಲಿ ದೋಷವಿಲ್ಲ. ಆದರೆ ಕಡಲೆಯೊಂದೇ ಅಲ್ಲಿ ವ್ಯಯವಾಗಲಿಲ್ಲ. ನೆರೆಯವನ ಬೆಳಗಿನ ನಿದ್ದೆಯು ವ್ಯಯವಾಯಿತು. ಅವನು ಒಗೆದು ಹಾಕಿದ ಬಟ್ಟೆಯ ಬಿಳುಪು ವ್ಯಯವಾಯಿತು. ಅವನ ಅಂಗಳವನ್ನು ಗುಡಿಸುವವಳ ಬೆನ್ನು ನೊಂದಿತು. ಇವು ಯಾರ ಕಾಯಕ? ಕೊಟ್ಟವನ ಹೆಸರಿನಲ್ಲಿ ಪುಣ್ಯವು ಬರೆಯಲ್ಪಡುವಾಗ ಇವುಗಳ ಬೆಲೆಯನ್ನು ತೆತ್ತವನು ಬೇರೊಬ್ಬನು. ಅವನನ್ನು ಕೇಳದೆ ಅವನದನ್ನು ತೆಗೆದು ಕಾಗೆಗೆ ಇಕ್ಕಿದಂತಾಯಿತಲ್ಲವೆ? ಕೈಯಲ್ಲಿರುವ ಕಾಳನ್ನು ಮಾತ್ರ ಎಣಿಸಿದ ಲೆಕ್ಕದಲ್ಲಿ ಈ ಕಳವು ಕಾಣುವುದೇ ಇಲ್ಲ. ಸಿಂಗಪುರದಲ್ಲಿ ಪರವಾನಿಗೆಯಿಲ್ಲದೆ ಯಾವ ಕಾಡುಜೀವಿಗೂ ಆಹಾರವಿಡಕೂಡದೆಂದು 2020ರಿಂದ ಕಾಯಿದೆಯೇ ಜಾರಿಯಲ್ಲಿದೆ. ಕಾಯಿದೆಯಿಂದ ಕರುಣೆಯನ್ನು ಅಳೆಯುವ ಸ್ಥಿತಿಯು ಒದಗಿದುದು ಖೇದಕರವೇ. ಆದರೂ ನೆರೆಯವನ ನೋವನ್ನು ತಾನಾಗಿ ಲೆಕ್ಕಿಸದಿರುವವರು ಹೆಚ್ಚಾದಲ್ಲಿ ಕಾಯಿದೆಯು ಆ ಕೆಲಸವನ್ನು ತನ್ನ ಒರಟು ಕೈಯಿಂದ ಮಾಡುತ್ತದೆ.

ಸ್ನೇಹದ ಇನ್ನೊಂದು ಮುಖವೂ ಇದೆ. ಮನುಷ್ಯನು ಕಾಗೆಯನ್ನು ಒಂದು ಜಾತಿಯಾಗಿ ನೋಡುತ್ತಾನೆ. ಒಂದು ಕಾಗೆಗೂ ಇನ್ನೊಂದಕ್ಕೂ ಭೇದವನ್ನು ಕಾಣಲಾರನು. ಕಾಗೆಯು ಮನುಷ್ಯನನ್ನು ಹಾಗೆ ನೋಡುವುದಿಲ್ಲ. ಅದು ಮುಖವನ್ನು ಗುರುತಿಸುತ್ತದೆ. ಮೇಲೆ ಹೇಳಿದ ಮಾರ್ಜ್ಲಫ್ ಅವರೂ ಅವರ ಸಂಗಡಿಗರೂ 2006ರಲ್ಲಿ ಆದಿಮಾನವನ ಮುಖವಾಡವೊಂದನ್ನು ಧರಿಸಿ, ವಿಶ್ವವಿದ್ಯಾಲಯದ ಆವರಣದಲ್ಲಿ ಏಳು ಕಾಗೆಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ಬಳೆ ತೊಡಿಸಿ ಬಿಟ್ಟರು. ಆ ಬಳಿಕ ಆ ಮುಖವಾಡವು ಯಾರ ಮೋರೆಯ ಮೇಲೆ ಕಂಡರೂ ಕಾಗೆಗಳು ಗುಂಪುಗೂಡಿ ಗದರಿಸತೊಡಗಿದವು. ಹೋಲಿಕೆಗಾಗಿ ಆ ದೇಶದ ಅಂದಿನ ಉಪಾಧ್ಯಕ್ಷರ ಮುಖವಾಡವನ್ನು ಧರಿಸಿ ನಡೆದಾಗ ಅವು ಹೆಚ್ಚು ಕಡಿಮೆ ಸುಮ್ಮನಿದ್ದವು. (ರಾಜಕಾರಣಿಯ ಮುಖಕ್ಕೆ ಇಷ್ಟು ಗೌರವವು ಮನುಷ್ಯರಲ್ಲಿ ಅಪರೂಪ.) ಅಚ್ಚರಿಯೆಂದರೆ, ಬಲೆಗೆ ಬೀಳದಿದ್ದ ಕಾಗೆಗಳೂ, ಆ ದಿನಗಳಲ್ಲಿ ಇನ್ನೂ ಹುಟ್ಟದೆ ಇದ್ದ ಮರಿಗಳೂ ಹಿರಿಯರನ್ನು ನೋಡಿ ಆ ಮುಖವನ್ನು ದ್ವೇಷಿಸಲು ಕಲಿತವು, ಗದರಿಸುವ ಕಾಗೆಗಳ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಬೆಳೆಯಿತು. ಒಮ್ಮೆಯ ನಡಿಗೆಯಲ್ಲಿ ಎದುರಾದ 53 ಕಾಗೆಗಳಲ್ಲಿ 47 ಗದರಿಸಿದುವಂತೆ. ಉಣಿಸಿದ ಮುಖವೂ ಹೀಗೆಯೇ ಅವುಗಳಲ್ಲಿ ಅಚ್ಚೊತ್ತಿ ನಿಲ್ಲುತ್ತದೆ. ಹಿಡಿದವನ ಮುಖವನ್ನು ಕಂಡಾಗ ಒಂದು ಭಾಗವೂ, ಉಣಿಸಿದವನ ಮುಖವನ್ನು ಕಂಡಾಗ ಬೇರೊಂದು ಭಾಗವೂ ಕಾಗೆಯ ಮಿದುಳಿನಲ್ಲಿ ಎಚ್ಚರಗೊಳ್ಳುತ್ತದೆಂಬುದನ್ನು 2012ರಲ್ಲಿ ಅವರೇ ಪ್ರಕಟಿಸಿದರು.

ಆಸ್ಟ್ರಿಯದ ಕೊನ್ರಾಡ್ ಲೊರೆನ್ಸ್ ಎಂಬ ಪ್ರಾಣಿಶಾಸ್ತ್ರಜ್ಞರು, 1973ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು, ಡ್ಯಾನ್ಯೂಬ್ ನದಿಯ ದಡದ ತಮ್ಮ ಊರಿನಲ್ಲಿ ಜಾಕ್‌ಡಾ ಎಂಬ ಸಣ್ಣ ಜಾತಿಯ ಕಾಗೆಗಳನ್ನು ಸಾಕಿದ್ದರು. ಅವುಗಳಲ್ಲೊಂದು ಗಂಡುಹಕ್ಕಿಯು ಅವರನ್ನೇ ಸಂಗಾತಿಯೆಂದು ಬಗೆದು, ಅಗಿದ ಹುಳುವನ್ನು ತಂದು ಅವರ ಬಾಯಿಗೆ ತುರುಕಲು ಹವಣಿಸುತ್ತಿತ್ತು. ಬಾಯಿ ಮುಚ್ಚಿಕೊಂಡರೆ ಕಿವಿಗೆ ತುಂಬುತ್ತಿತ್ತು. ಉಣಿಸಿದವನಿಗೆ ಮರಳಿ ಉಣಿಸುವುದೆಂದರೆ ಇದು. ಅದೇ ಲೊರೆನ್ಸರು ಒಂದು ದಿನ ಈಜಿ ಬಂದು ಕಿಸೆಯಿಂದ ಒದ್ದೆಯಾದ ಕರಿಯ ಬಟ್ಟೆಯನ್ನು ಹೊರತೆಗೆದಾಗ, ತಮ್ಮವನೊಬ್ಬನು ಶತ್ರುವಿನ ಹಿಡಿತಕ್ಕೆ ಸಿಕ್ಕಿದನೆಂದು ಬಗೆದು ಆ ಸ್ನೇಹಿತರೇ ಅವರ ಮೇಲೆ ಮುಗಿಬಿದ್ದವು. ಇದರಲ್ಲಿ ಹಕ್ಕಿಯ ತಪ್ಪೇನೂ ಇಲ್ಲ. ಸ್ನೇಹದ ಕರಾರನ್ನು ಮನುಷ್ಯನು ತನ್ನ ಭಾಷೆಯಲ್ಲಿ ಬರೆದುಕೊಂಡಿರುತ್ತಾನೆ, ಕಾಗೆಯು ತನ್ನದರಲ್ಲಿ.

ನಮ್ಮ ನಾಡಿನ ಊರುಕಾಗೆಯ ವಿಷಯವು ಇನ್ನೂ ಗಹನವಾಗಿದೆ. ಅದು ಕೋಗಿಲೆಯ ಮೊಟ್ಟೆಗೆ ಕಾವು ಕೊಟ್ಟು ಅನ್ಯರ ಮರಿಯನ್ನು ಸಾಕುವ ಮುಗ್ಧೆಯೆಂದು ಎಲ್ಲರಿಗೂ ಗೊತ್ತು. ಅದೇ ಕಾಗೆಯು ಗುಬ್ಬಿ, ಪಿಕಳಾರ, ಸೂರಕ್ಕಿ ಮೊದಲಾದ ಸಣ್ಣ ಹಕ್ಕಿಗಳ ಮೊಟ್ಟೆಮರಿಗಳನ್ನು ಎತ್ತಿಕೊಂಡು ಹೋಗಿ ತನ್ನ ಮರಿಗಳಿಗೆ ಉಣಿಸುತ್ತದೆ. ಮನೆಯ ಮುಂದೆ ದಿನವೂ ಬೇಕಾದಷ್ಟು ಅನ್ನವು ಸಿಕ್ಕುವಲ್ಲಿ ಕಾಗೆಗಳು ನೆಲೆಯೂರುತ್ತವೆ. ಅವು ನೆಲೆಯೂರಿದಲ್ಲಿ ದಾಸವಾಳದ ಗಿಡದೊಳಗಿನ ಪುಟ್ಟ ಗೂಡು ಉಳಿಯುವುದು ಕಷ್ಟ. ಭಾರತದ ಈ ಕಾಗೆಯನ್ನು 1890ರ ದಶಕದಲ್ಲಿ ಊರಿನ ಕಸವನ್ನು ತೀರಿಸಲೆಂದು ಆಫ್ರಿಕದ ಜಾಂಜಿಬಾರ್ ದ್ವೀಪಕ್ಕೆ ಒಯ್ದರು. ಅಲ್ಲಿಂದ ಅದು ಪೂರ್ವ ಆಫ್ರಿಕದ ಕರಾವಳಿಯನ್ನೆಲ್ಲ ವ್ಯಾಪಿಸಿ, ಅಲ್ಲಿಯ ಸ್ವಂತ ಹಕ್ಕಿಗಳಿಗೆ ಮೃತ್ಯುವಾಯಿತು. 2024ರಲ್ಲಿ ಕೆನ್ಯ ದೇಶದ ಅಧಿಕಾರಿಗಳು ಹತ್ತು ಲಕ್ಷ ಕಾಗೆಗಳನ್ನು ಕೊಲ್ಲುವ ಯೋಜನೆಯನ್ನು ಸಾರಿದರು. ಕರೆದೊಯ್ದವರು ಯಾರೋ, ವಿಷವನ್ನುಣ್ಣುವವು ಯಾವುವೋ. ಹಿತ್ತಲ ಗೋಡೆಯ ಒಂದು ಹಿಡಿ ಅನ್ನಕ್ಕೂ ಈ ಸಂಹಾರಕ್ಕೂ ನೇರವಾದ ಸಂಬಂಧವಿಲ್ಲವೆಂಬುದು ನಿಜ. ಆದರೆ ಎರಡರಲ್ಲಿಯೂ ಮನುಷ್ಯನು ಕಾಗೆಯೊಂದನ್ನೇ ನೋಡಿ, ಕಾಗೆಯ ಸುತ್ತಲಿನ ಲೋಕವನ್ನು ನೋಡದೆ ಇದ್ದನು.

ಹಾಗಾದರೆ ಹಸಿದು ಬಂದ ಜೀವಕ್ಕೆ ಇಕ್ಕಬಾರದೆ? ಈ ಶಂಕೆಯು ಸಹಜ. ಇದಕ್ಕೆ ಇಕ್ಕಬಾರದೆಂಬ ಉತ್ತರವನ್ನು ಕೊಡುವವನು ಶರಣರ ದಯೆಯನ್ನು ಅರಿಯನು. ಉತ್ತರವು ಅಳತೆಯಲ್ಲಿದೆ. ಆಯ್ದಕ್ಕಿ ಮಾರಯ್ಯನು ದಿನದ ಅವಶ್ಯಕತೆಗೆ ಮೀರಿ ಅಕ್ಕಿಯನ್ನು ಆಯ್ದು ತಂದಾಗ ಲಕ್ಕಮ್ಮನು ಹೆಚ್ಚಿನದನ್ನು ಇದ್ದಲ್ಲಿಯೇ ಸುರಿದು ಬರುವಂತೆ ಅವನನ್ನು ಮರಳಿ ಕಳಿಸಿದಳು. ಆ ಅಕ್ಕಿಯು ಹೋಗತಕ್ಕದ್ದು ದಾಸೋಹಕ್ಕೇ. ಆದರೂ ಅವಳು ಒಪ್ಪಲಿಲ್ಲ. ಕೊಡುವುದರಲ್ಲಿಯೂ ಅತಿಯಾಸೆಯುಂಟೆಂಬುದನ್ನು ಆ ಬಡ ಗೃಹಿಣಿಯು ಕಂಡಿದ್ದಳು. ಕಾಗೆಗಳ ಗುಂಪು ದಿನದಿನಕ್ಕೆ ಹೆಚ್ಚುವುದನ್ನು ನೋಡಿ ಹಿಗ್ಗುತ್ತ ಹಿಡಿಯನ್ನು ಬೊಗಸೆಯಾಗಿಸುವವನು ಉಣಿಸುವುದು ಕಾಗೆಯನ್ನೋ ತನ್ನ ಹಿಗ್ಗನ್ನೋ ಎಂದು ಅವಳು ಕೇಳಿದರೆ ಅವನು ಏನೆಂದಾನು? ಒಂದೆರಡು ಹಕ್ಕಿಗಳು ತಿಂದು ಮುಗಿಸುವಷ್ಟು ಇಟ್ಟರೆ ಇಲಿಗೆ ಉಳಿಯದು. ಉಪ್ಪು ಖಾರ ಬೆರೆತದ್ದು, ಕರಿದದ್ದು, ಹಳಸಿದ್ದು ಮನುಷ್ಯನಿಗೆ ಬೇಡವಾದುದರಿಂದಲೇ ಕಾಗೆಗೆ ಯೋಗ್ಯವಾಗುವುದಿಲ್ಲ. ಬೇಸಿಗೆಯಲ್ಲಿ ಅನ್ನಕ್ಕಿಂತ ಒಂದು ಬಟ್ಟಲು ನೀರು ದೊಡ್ಡ ಉಪಕಾರ. ಅದನ್ನು ಗುಬ್ಬಿಯೂ ಕುಡಿಯುತ್ತದೆ. ನೆರೆಯವರ ಗೋಡೆಗೆ ಹತ್ತಿದ ಜಾಗವಾದರೆ ಅವರನ್ನು ಒಂದು ಮಾತು ಕೇಳುವುದರಿಂದ ಯಾರ ಭಕ್ತಿಗೂ ಕುಂದಾಗದು.

ತೊಡಗಿದುದನ್ನು ನಿಲ್ಲಿಸಬೇಕಾಗಿ ಬಂದರೆ ಏನು ಮಾಡತಕ್ಕದ್ದೆಂಬುದು ಉಳಿಯುತ್ತದೆ. ಕಾಗೆಯು ಒಂದೇ ಮನೆಯನ್ನು ನಂಬಿ ಬದುಕುವ ಪ್ರಾಣಿಯಲ್ಲ. ಅದಕ್ಕೆ ಹೊಲವಿದೆ, ಸಂತೆಯಿದೆ, ತಿಪ್ಪೆಯಿದೆ. ಆದುದರಿಂದ ಅದು ಹಸಿವಿನಿಂದ ಸತ್ತೀತೆಂಬ ಭಯವಿಲ್ಲ. ಕೊಡುವುದನ್ನು ದಿನದಿನಕ್ಕೆ ಕಡಿಮೆ ಮಾಡುತ್ತ ಬಂದರೆ ಬಳಗವು ತಾನಾಗಿ ಚದುರುತ್ತದೆ. ಆದರೂ ಮೊದಲ ಕೆಲವು ದಿನ ಅದೇ ಹೊತ್ತಿಗೆ ಬಂದು, ಗೋಡೆಯ ಮೇಲೆ ಕುಳಿತು, ಬಾಗಿಲನ್ನು ನೋಡುವ ಒಂದೆರಡು ಕಾಗೆಗಳು ಇದ್ದೇ ಇರುತ್ತವೆ. ಅವುಗಳ ನೆನಪು ಎಷ್ಟು ಕಾಲ ಬಾಳುವುದೋ. ಸಿಯಾಟಲಿನ ಆ ಮುಖವಾಡದ ಮೇಲಿನ ಸಿಟ್ಟು ಮಾತ್ರ ಹದಿನೇಳು ವರ್ಷ ಬಾಳಿತು. 2023ರ ಸೆಪ್ಟೆಂಬರಿನಲ್ಲಿ ಮಾರ್ಜ್ಲಫ್ ಅವರು ಅದನ್ನು ಧರಿಸಿ ಅದೇ ಮರಗಳ ಕೆಳಗೆ ನಡೆದಾಗ, ಮೊಟ್ಟಮೊದಲ ಸಲ, ಒಂದು ಕಾಗೆಯೂ ಗದರಿಸಲಿಲ್ಲ.