ಸಂಖ್ಯೆಯೂ ಧರ್ಮವೂ

ರೋಗಿಗೆ ಔಷಧಿಯನ್ನು ಕೊಟ್ಟ ಮಾತ್ರಕ್ಕೆ ಆಸ್ಪತ್ರೆಯ ಕರ್ತವ್ಯವು ಮುಗಿಯುವುದೋ, ಅಥವಾ ಆ ಔಷಧಿಯು ರೋಗಿಯ ಮನೆಯಲ್ಲಿ ಫಲಿಸುವಂತೆ ನೋಡಿಕೊಳ್ಳುವುದೂ ಆ ಕರ್ತವ್ಯದಲ್ಲಿ ಸೇರಿದುದೋ? ಮೇಲ್ನೋಟಕ್ಕೆ ಇದು ಆಡಳಿತದವರ ಪ್ರಶ್ನೆಯಂತೆ ಕಾಣುವುದು. ಹುದ್ದೆಗಳೆಷ್ಟು, ಸಂಬಳವೆಷ್ಟು, ಖಾಲಿ ಬಿದ್ದಿರುವ ಸ್ಥಾನಗಳೆಷ್ಟು ಎಂದು ಕಚೇರಿಯ ಕಾಗದಗಳಲ್ಲಿ ತೀರ್ಮಾನವಾಗತಕ್ಕ ವಿಷಯವೆಂದು ಹಲವರು ಭಾವಿಸುವರು. ಆದರೆ ವಿಚಾರಮಾಡಿ ನೋಡಿದರೆ ಇದು ಧರ್ಮಾಧರ್ಮಗಳ ಪ್ರಶ್ನೆಯೇ ಆಗಿದೆ.

ಬಳ್ಳಾರಿಯ ಕಂಟೋನ್ಮೆಂಟು ಒಂದು ಕಾಲದಲ್ಲಿ ಮದರಾಸು ಸೈನ್ಯದ ದಂಡು ಇಳಿದಿದ್ದ ಸ್ಥಳ. ಇಂದು ಅಲ್ಲಿಗೆ ಜನರನ್ನು ಎಳೆದು ತರುವುದು 1961ರಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಮತ್ತು ಅದರ ಆಸ್ಪತ್ರೆ. ಸಿರುಗುಪ್ಪದ ಕಡೆಯ ಬತ್ತದ ಗದ್ದೆಗಳಿಂದಲೂ, ಕುರುಗೋಡಿನ ಸುತ್ತಣ ಹಳ್ಳಿಗಳಿಂದಲೂ, ಗಡಿಯಾಚೆಯ ತೆಲುಗು ಸೀಮೆಯಿಂದಲೂ ರೋಗಿಗಳು ಅಲ್ಲಿಗೆ ಬರುವರು. ಇಂಥ ಊರೊಂದರ ಕೂಲಿಯ ಕುಟುಂಬವು ಚಿತ್ತಸ್ವಾಸ್ಥ್ಯ ಕೆಟ್ಟ ಮಗನನ್ನು ಅಲ್ಲಿಗೆ ಕರೆತಂದಿತೆಂದು ಇಟ್ಟುಕೊಳ್ಳಬಹುದು. ವೈದ್ಯರು ಪರೀಕ್ಷಿಸಿ, ಒಂದು ತಿಂಗಳ ಗುಳಿಗೆಗಳನ್ನು ಬರೆದುಕೊಟ್ಟು, ಮರಳಿ ಬರುವ ದಿನವನ್ನು ಚೀಟಿಯಲ್ಲಿ ನಮೂದಿಸುವರು. ಅಲ್ಲಿಗೆ ವೈದ್ಯಶಾಸ್ತ್ರವು ತನ್ನ ಕೆಲಸವನ್ನು ಮಾಡಿತು. ಆದರೆ ಗೊತ್ತಾದ ದಿನದಂದು ನಾಟಿಯ ಕೆಲಸವಿದ್ದರೆ ತಂದೆಗೆ ಆ ದಿನದ ಕೂಲಿ ಹೋಗುವುದು. ಬಸ್ಸಿನ ಖರ್ಚು ಬೇರೆ. ಗುಳಿಗೆ ನುಂಗಿದವನು ಸದಾ ತೂಕಡಿಸುವುದನ್ನು ಕಂಡು ತಾಯಿಯು ಅದನ್ನು ನಿಲ್ಲಿಸುವಳು. ಮದುವೆಗೆ ಬಂದ ಮಗಳಿರುವ ಮನೆಯಲ್ಲಿ ಇಂಥ ಕಾಯಿಲೆಯ ಸುದ್ದಿ ಹೊರಗೆ ಬೀಳಬಾರದೆಂದು ಹಿರಿಯರು ಹೇಳುವರು. ಹೀಗೆ ಎರಡನೆಯ ತಿಂಗಳಿಗೆ ಚೀಟಿಯು ಪೆಟ್ಟಿಗೆಯ ತಳ ಸೇರುವುದು. ರೋಗಿಯನ್ನು ಇಲ್ಲಿ ಸೋಲಿಸಿದುದು ರೋಗವಲ್ಲ. ಕೂಲಿ, ದೂರ, ಭಯ ಮತ್ತು ನಾಚಿಕೆ. ಇವುಗಳೊಡನೆ ಹೋರಾಡುವುದೇ ವೈದ್ಯಕೀಯ ಸಮಾಜಕಾರ್ಯಕರ್ತರ ವೃತ್ತಿ.

ಈ ವೃತ್ತಿಯ ಹುಟ್ಟು ವಿಚಿತ್ರವಾದುದು. 1895ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯು ಮೇರಿ ಸ್ಟೂಅರ್ಟ್ ಎಂಬಾಕೆಯನ್ನು ನೇಮಿಸಿಕೊಂಡಿತು. ಹಣ ತೆರಬಲ್ಲವರು ಧರ್ಮಚಿಕಿತ್ಸೆಯನ್ನು ದುರುಪಯೋಗಪಡಿಸಿಕೊಳ್ಳದಂತೆ ವಿಚಾರಿಸಿ ನೋಡುವುದು ಆಕೆಗೆ ವಿಧಿಸಿದ್ದ ಕೆಲಸಗಳಲ್ಲಿ ಮುಖ್ಯವಾಗಿದ್ದಿತು. ಬಾಗಿಲಲ್ಲಿ ತಡೆಯುವುದಕ್ಕಾಗಿ ಹುಟ್ಟಿದ ಹುದ್ದೆಯು, ಬಂದವರ ಕಷ್ಟವನ್ನು ಕೇಳುತ್ತ ಕೇಳುತ್ತ, ಕೈಹಿಡಿದು ನಡೆಸುವ ಹುದ್ದೆಯಾಗಿ ಮಾರ್ಪಟ್ಟಿತು. 1948ರ ಜುಲೈ 5ರಂದು ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಯು ಆರಂಭವಾಗಿ ಚಿಕಿತ್ಸೆಯು ಎಲ್ಲರಿಗೂ ಉಚಿತವಾಯಿತು. ಹಣದ ವಿಚಾರಣೆಯ ಅಗತ್ಯ ಹೋದಮೇಲೆ ಈ ಹುದ್ದೆಯೂ ಹೋಗಬೇಕಾಗಿದ್ದಿತಲ್ಲವೆ? ಹೋಗಲಿಲ್ಲ. ಚಿಕಿತ್ಸೆ ಉಚಿತವಾದರೂ ರೋಗಿಯ ಮನೆಯ ಕಷ್ಟಗಳು ಉಳಿಯುವುವೆಂಬುದು ಇದರಿಂದ ಸ್ಪಷ್ಟವಾಯಿತು. ಭಾರತದಲ್ಲಿ ಸಮಾಜಕಾರ್ಯದ ಶಿಕ್ಷಣವು 1936ರಲ್ಲಿ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಶಾಲೆಯಿಂದ ಮೊದಲಾಯಿತು. 1946ರಲ್ಲಿ ಅದೇ ನಗರದ ಜೆ.ಜೆ. ಆಸ್ಪತ್ರೆಯಲ್ಲಿ ದೇಶದ ಮೊದಲ ವೈದ್ಯಕೀಯ ಸಮಾಜಕಾರ್ಯಕರ್ತರ ನೇಮಕವಾಯಿತು.

ಈ ಚರಿತ್ರೆಯಲ್ಲಿ ಬಳ್ಳಾರಿಗೂ ಗೌರವದ ಸ್ಥಾನವೊಂದುಂಟು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವು ಘೋಷಿತವಾದಾಗ, ಅದನ್ನು ಒಂದು ಪೂರ್ಣ ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಬಳ್ಳಾರಿಯನ್ನು ಆರಿಸಿಕೊಂಡಿತು. 1985ರಿಂದ 1990ರವರೆಗೆ ನಡೆದ ಈ ಪ್ರಯೋಗದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಸಿಬ್ಬಂದಿಗೂ ತರಬೇತಿಯನ್ನು ಕೊಟ್ಟು, ಮನೋವ್ಯಾಧಿ ಮತ್ತು ಮೂರ್ಛೆರೋಗಗಳ ಅತ್ಯಗತ್ಯವಾದ ಕೆಲವು ಔಷಧಿಗಳನ್ನು ಹಳ್ಳಿಗಳ ಮಟ್ಟಕ್ಕೆ ಒದಗಿಸಿ, ರೋಗಿಗಳ ದಾಖಲೆಯನ್ನಿಟ್ಟು, ತಿಂಗಳು ತಿಂಗಳಿಗೆ ವರದಿಯನ್ನು ತರಿಸಿಕೊಳ್ಳಲಾಯಿತು. ದೂರದ ಮಾನಸಿಕ ಆಸ್ಪತ್ರೆಗೆ ಹೋಗದೆಯೇ ಬಡವರು ಚಿಕಿತ್ಸೆ ಪಡೆಯಬಹುದೆಂದು ತೋರಿಸಿದ ಈ ಕ್ರಮವು "ಬಳ್ಳಾರಿ ಮಾದರಿ" ಎಂದು ಹೆಸರಾಯಿತು. ಇದನ್ನೇ ಆಧಾರವಾಗಿಟ್ಟುಕೊಂಡು 1996ರಲ್ಲಿ ಭಾರತ ಸರಕಾರವು ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಬಳಿಕ ಅದು ದೇಶದುದ್ದಕ್ಕೂ ಹರಡಿತು. ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ದಾದಿಯರು, ಇವರ ಜೊತೆಗೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರೂ ಜಿಲ್ಲೆಯ ತಂಡದಲ್ಲಿರತಕ್ಕವರೆಂದು ಯೋಜನೆಯು ಒಪ್ಪಿಕೊಂಡಿತು.

ಒಪ್ಪಿಕೊಂಡುದು ಸರಿ; ಆದರೆ ಎಷ್ಟು ಮಂದಿಯನ್ನು? ಇಡೀ ಜಿಲ್ಲೆಗೆ ಒಂದು ತಂಡವಾದರೆ, ಆ ತಂಡದಲ್ಲಿ ಈ ಹುದ್ದೆಯು ಬಹುಮಟ್ಟಿಗೆ ಒಂದೇ. 2011ರ ಜನಗಣತಿಯಲ್ಲಿ ಅವಿಭಕ್ತ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 24 ಲಕ್ಷವನ್ನು ಮೀರಿದ್ದಿತು. 2021ರಲ್ಲಿ ವಿಜಯನಗರ ಜಿಲ್ಲೆಯು ಬೇರ್ಪಟ್ಟ ಮೇಲೂ ಉಳಿದ ಜನ ಕಡಮೆಯೇನಲ್ಲ. ಲೆಕ್ಕದ ಸೌಲಭ್ಯಕ್ಕಾಗಿ ಹತ್ತು ಲಕ್ಷವೆಂದೇ ಹಿಡಿದು, ಸಾವಿರಕ್ಕೆ ಐವರು ಮಾತ್ರ ತೀವ್ರವಾದ ಮನೋವ್ಯಾಧಿಯುಳ್ಳವರೆಂದು ಎಣಿಸಿದರೆ ಅವರ ಸಂಖ್ಯೆ ಐದು ಸಾವಿರವಾಗುವುದು. ಒಬ್ಬ ಕಾರ್ಯಕರ್ತರು ವರ್ಷದಲ್ಲಿ 300 ದಿನ ದುಡಿದು, ದಿನಕ್ಕೆ ಎರಡು ಮನೆಗಳನ್ನು ಸಂದರ್ಶಿಸಿದರೂ ಆಗುವುದು 600 ಸಂದರ್ಶನಗಳು. ಹೀಗಾದರೆ ಒಂದು ಮನೆಯ ಬಾಗಿಲನ್ನು ಎರಡನೆಯ ಸಲ ತಟ್ಟುವುದಕ್ಕೆ ಎಂಟು ವರ್ಷಗಳು ದಾಟಬೇಕು! ಹನ್ನೆರಡು ರಾಜ್ಯಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು, ಬಗೆಬಗೆಯ ಮನೋವ್ಯಾಧಿಗಳಲ್ಲಿ ನೂರಕ್ಕೆ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದು ತಿಳಿಸಿದುದರಲ್ಲಿ ಆಶ್ಚರ್ಯವೇನು?

ಇದಕ್ಕೆ ಕೆಲವರು ಸಮಾಧಾನ ಹೇಳುವರು. ಮೊದಲನೆಯದು ಹಣದ ಮಾತು: ವೈದ್ಯರೇ ಸಾಲದಿರುವಾಗ ಸಮಾಜಕಾರ್ಯಕರ್ತರಿಗೆ ಹಣವೆಲ್ಲಿ? ಈ ಮಾತು ಹುಸಿಯಲ್ಲ. ಆದರೆ ನುಂಗದೆ ಉಳಿದ ಗುಳಿಗೆಗೂ, ಅರ್ಧದಲ್ಲಿ ಬಿಟ್ಟ ಚಿಕಿತ್ಸೆಗೂ ತೆತ್ತ ಹಣವು ಎಲ್ಲಿಗೆ ಹೋಯಿತೆಂಬುದನ್ನೂ ಅದೇ ಲೆಕ್ಕದ ಪುಸ್ತಕದಲ್ಲಿ ಬರೆಯಬೇಕಲ್ಲವೆ? ಕಾಲುವೆಯನ್ನು ತೋಡಿ ತೂಬನ್ನು ಇಡದವನಿಗೆ ನೀರಿನ ಕೊರತೆಯನ್ನು ಹೇಳಿಕೊಳ್ಳುವ ಹಕ್ಕು ಕಡಮೆ.

ಎರಡನೆಯ ಸಮಾಧಾನವು ಇದಕ್ಕಿಂತ ಗಂಭೀರವಾದುದು. ಬಿದ್ದವನನ್ನು ಎತ್ತುವುದು ಬಂಧುಗಳ, ನೆರೆಯವರ, ಮಠಮಂದಿರಗಳ ಧರ್ಮ. ಅದನ್ನು ಸಂಬಳದ ಹುದ್ದೆಯನ್ನಾಗಿ ಮಾಡಿದರೆ ದಯೆಯು ಒಣಗುವುದು ಎಂಬುದು ಆ ವಾದ. ದಯೆಯು ದೊಡ್ಡದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಕಣ್ಣಿಗೆ ಬಿದ್ದವರ ಕಡೆಗೆ ಹರಿಯುವುದು. ಮನೆಯವರೇ ಮುಚ್ಚಿಟ್ಟವನನ್ನೂ, ಬಂಧುಗಳಿಲ್ಲದವಳನ್ನೂ ಅದು ಕಾಣಲಾರದು. ಕಾಣದವರನ್ನು ಹುಡುಕಿಕೊಂಡು ಹೋಗುವ ಹೊಣೆಯು ಯಾರಿಗಾದರೂ ಹೆಸರು ಹಿಡಿದು ಒಪ್ಪಿಸಲ್ಪಟ್ಟಿರಬೇಕು. ಇದಕ್ಕೇ ನ್ಯಾಯವೆಂದು ಹೆಸರು. ವೈದ್ಯರು ಸಂಬಳ ಪಡೆಯುವುದರಿಂದ ಅವರ ಕರುಣೆಯು ಒಣಗಿತೆಂದು ಯಾರೂ ಹೇಳುವುದಿಲ್ಲ. ಅಲ್ಲದೆ, ದುಡಿಮೆಯನ್ನೇ ಪೂಜೆಯೆಂದು ಎಣಿಸಿದ ಕಾಯಕದ ತತ್ತ್ವವು ಬೆಳೆದ ನಾಡಿನಲ್ಲಿ ವೃತ್ತಿಗೂ ಧರ್ಮಕ್ಕೂ ವಿರೋಧವನ್ನು ಕಲ್ಪಿಸುವುದು ಉಚಿತವೂ ಅಲ್ಲ.

ಮೂರನೆಯದು ಹೊಗಳಿಕೆಯ ರೂಪದಲ್ಲಿ ಬರುವುದು. ನಿಷ್ಠಾವಂತರೊಬ್ಬರಿದ್ದರೆ ಹತ್ತು ಮಂದಿಯ ಕೆಲಸವನ್ನು ಮಾಡಬಲ್ಲರು ಎನ್ನುವರು. ಎಲ್ಲಕ್ಕಿಂತ ಹೆಚ್ಚು ಅಪಾಯಕರವಾದುದು ಈ ಮಾತೇ. ಐದು ಸಾವಿರ ಮನೆಗಳನ್ನು ಒಬ್ಬರಿಗೆ ಒಪ್ಪಿಸಿದಾಗ, ಯಾವ ಮನೆಗೆ ಹೋಗಬಾರದೆಂಬುದನ್ನೂ ಅವರೇ ಪ್ರತಿದಿನ ನಿರ್ಧರಿಸಬೇಕಾಗುವುದು. ಹೋಗದ ಮನೆಯಲ್ಲಿ ಅನಾಹುತವಾದರೆ ಅದರ ಭಾರವು ಅವರ ಮನಸ್ಸಿನ ಮೇಲೆ ಬೀಳುವುದು. ನಿದ್ರೆ ಕೆಡುವುದು ಅವರದು. ವಾಸ್ತವವಾಗಿ ಆ ಮನೆಯನ್ನು ಬಿಟ್ಟವರು ಅವರಲ್ಲ. ಸಂಖ್ಯೆಯನ್ನು ಗೊತ್ತುಮಾಡಿದ ದಿನವೇ, ಗೊತ್ತುಮಾಡಿದವರು ಮತ್ತು ಅದನ್ನು ಪ್ರಶ್ನಿಸದೆ ಒಪ್ಪಿದ ಜನ, ಆ ಮನೆಯನ್ನು ಬಿಟ್ಟಾಗಿದ್ದಿತು. ಸಿಬ್ಬಂದಿಯ ಕೊರತೆಯು ಹೀಗೆ ಸಾರ್ವಜನಿಕರ ತೀರ್ಮಾನವೊಂದನ್ನು ಒಬ್ಬ ವ್ಯಕ್ತಿಯ ಪಾಪವನ್ನಾಗಿ ಮಾರ್ಪಡಿಸುವುದು. ಆಗದುದನ್ನು ಕರ್ತವ್ಯವೆಂದು ವಿಧಿಸಿ, ಆಗದಿದ್ದಾಗ ದೂಷಿಸುವುದು ಯಾವ ಧರ್ಮಶಾಸ್ತ್ರಕ್ಕೂ ಒಪ್ಪುವ ಮಾತಲ್ಲ. 2005ರಿಂದ ಈಚೆಗೆ ಹಳ್ಳಿಗಳಲ್ಲಿ ಸುಮಾರು ಸಾವಿರ ಜನರಿಗೊಬ್ಬರಂತೆ ನಿಯುಕ್ತರಾದ ಆಶಾ ಕಾರ್ಯಕರ್ತೆಯರ ಮೇಲೆ, ಅಲ್ಪವಾದ ಗೌರವಧನಕ್ಕೆ, ಒಂದರ ಮೇಲೊಂದಾಗಿ ಕೆಲಸಗಳನ್ನು ಹೇರುವುದರಲ್ಲಿಯೂ ಇದೇ ದೋಷವು ಅಡಗಿದೆ.

ಈ ಕೊರತೆಯು ಇಷ್ಟು ಕಾಲ ಸದ್ದಿಲ್ಲದೆ ನಡೆದುಬಂದುದಕ್ಕೆ ಕಾರಣವೂ ಉಂಟು. ವೈದ್ಯರ ಕುರ್ಚಿ ಬರಿದಾದರೆ ಅದರ ಮುಂದೆ ಜನರ ಸಾಲು ನಿಲ್ಲುವುದು, ಕೂಗಾಟವಾಗುವುದು, ಸುದ್ದಿಯು ಪತ್ರಿಕೆಗೆ ಮುಟ್ಟುವುದು. ಸಮಾಜಕಾರ್ಯಕರ್ತರ ಕುರ್ಚಿ ಬರಿದಾದರೆ ಅದರ ಮುಂದೆ ಯಾರೂ ನಿಲ್ಲುವುದಿಲ್ಲ. ಏಕೆಂದರೆ ಅವರ ಸಹಾಯವು ಬೇಕಾಗಿದ್ದವರು ಆಸ್ಪತ್ರೆಗೆ ಮರಳಿ ಬಾರದೆ ಉಳಿದವರೇ. ಗೈರುಹಾಜರಾದವರ ಪರವಾಗಿ ಗದ್ದಲವೆಬ್ಬಿಸುವವರಾರು? ಕಣ್ಣಿಗೆ ಕಾಣದ ಅನ್ಯಾಯವನ್ನು ಎಣಿಕೆಯೊಂದೇ ಕಾಣಿಸಬಲ್ಲದು. ಆದುದರಿಂದಲೇ ಸಂಖ್ಯೆಯು ಇಲ್ಲಿ ಒಣಲೆಕ್ಕವಾಗದೆ ಧರ್ಮದ ಕಣ್ಣಾಗುವುದು.

ಹಾಗೆಂದು ಸಂಖ್ಯೆಯೊಂದರಿಂದಲೇ ಎಲ್ಲವೂ ಸಾಧಿಸುವುದೆಂದು ತಿಳಿಯಬಾರದು. ಹುದ್ದೆಯನ್ನು ತುಂಬಿ, ಕುಳಿತವರನ್ನು ರಿಜಿಸ್ಟರು ಬರೆಯುವುದಕ್ಕೆ ಹಚ್ಚಿದರೆ ಪಟ್ಟಿಯು ತುಂಬುವುದೇ ಹೊರತು ಮನೆಯ ಬಾಗಿಲು ತೆರೆಯುವುದಿಲ್ಲ. ತಕ್ಕ ಶಿಕ್ಷಣ, ಸ್ಥಿರವಾದ ನೌಕರಿ, ಊರಿನ ಕನ್ನಡ ತೆಲುಗುಗಳೆರಡರ ಪರಿಚಯ, ಹಳ್ಳಿಗೆ ಹೋಗಿಬರುವ ಸೌಕರ್ಯ, ಇವೆಲ್ಲವೂ ಬೇಕು. 2021ರ ಕೇಂದ್ರದ ಕಾಯಿದೆಯೊಂದು ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಆರೋಗ್ಯವೃತ್ತಿಯವರ ಪಟ್ಟಿಯಲ್ಲಿ ಸೇರಿಸಿರುವುದು ಒಳ್ಳೆಯ ಹೆಜ್ಜೆ. ಆದರೆ ಹೆಸರು ಪಟ್ಟಿಗೆ ಸೇರಿದಂತೆ ಜನರು ಕೆಲಸಕ್ಕೆ ಸೇರಬೇಕು. ಬೊಕ್ಕಸದಲ್ಲಿ ಉಳಿದುದೆಷ್ಟು ಎಂಬಲ್ಲಿಂದ ಹೊರಡದೆ, ರೋಗಿಗೆ ಸಲ್ಲಬೇಕಾದುದೆಷ್ಟು ಎಂಬಲ್ಲಿಂದ ಎಣಿಕೆಯು ಹೊರಡಬೇಕು. ಕೊಡಲಾಗದಿದ್ದರೆ, ಇಷ್ಟು ಮನೆಗಳನ್ನು ಬಿಟ್ಟಿದ್ದೇವೆಂದು ಸರಕಾರವೇ ಬಹಿರಂಗವಾಗಿ ಒಪ್ಪಿಕೊಳ್ಳುವುದು, ಒಬ್ಬ ನೌಕರರ ತಲೆಯ ಮೇಲೆ ಅದನ್ನು ಹೊರಿಸುವುದಕ್ಕಿಂತ ಪ್ರಾಮಾಣಿಕವಾದುದು.

ದೇಶಕ್ಕೆ ಮಾದರಿಯನ್ನು ಕೊಟ್ಟ ಜಿಲ್ಲೆಯ ವಿದ್ಯಾವಂತರು ಈ ಪ್ರಶ್ನೆಯನ್ನು ಎತ್ತಿದರೆ ಅದು ಅವರಿಗೆ ಒಪ್ಪುವುದು. ದಂಡು ಇಳಿದಿದ್ದ ಕಾಲದಲ್ಲಿ ಬಳ್ಳಾರಿಯ ಕೋಟೆಗೆ ಒಬ್ಬನೇ ಕಾವಲುಗಾರನನ್ನು ನಿಲ್ಲಿಸಿ, ನಾಲ್ಕು ದಿಕ್ಕುಗಳನ್ನೂ ಕಾಯೆಂದು ಯಾವ ದಳಪತಿಯೂ ಹೇಳಿರಲಾರನು. ಕಲ್ಲಿನ ಕೋಟೆಗೆ ತೋರಿಸಿದಷ್ಟು ವಿವೇಕವನ್ನು ಸಿರುಗುಪ್ಪ ಕುರುಗೋಡುಗಳ ಮುಚ್ಚಿದ ಬಾಗಿಲುಗಳ ಹಿಂದಿರುವ ಜೀವಗಳಿಗೂ ತೋರಿಸಬೇಕೆಂದು ಕೇಳುವುದು ಅತಿಯಾಸೆಯಲ್ಲ.