ತಂಗಿಯನ್ನು ಬೆನ್ನ ಮೇಲೆ ಹೊತ್ತವನು

ಗೋಕಾಕದವರಿಗೂ, ಮೂಡಲಗಿಯಿಂದ ಗಾಡಿ ಮಾಡಿಕೊಂಡು ಬಂದ ಕುಟುಂಬಗಳಿಗೂ, ಹುಕ್ಕೇರಿ ಕೂಟದವರಿಗೂ ಸ್ತೋತ್ರ. ಕುಂದರ್ರಿ.

ಇವತ್ತು ಒಂದು ಜಪಾನಿ ಕಾರ್ಟೂನಿನ ಬಗ್ಗೆ ಮಾತಾಡ್ತೀನಿ. ಹಿರಿಯರು ಬೇಜಾರು ಮಾಡ್ಕೋಬೇಡ್ರಿ, ಅರ್ಧ ತಾಸು ತಡ್ಕೊಳ್ರಿ. ಹಿಂದಿನ ಸಾಲಿನ ಹುಡುಗರು ಈಗಾಗಲೇ ನಗಾಕತ್ತಾರ, ಅವರಿಗೆ ಯಾವುದು ಅಂತ ಗೊತ್ತು. ಡೀಮನ್ ಸ್ಲೇಯರ್.

ನಾನು ವಾರದ ದಿನಗಳಲ್ಲಿ ಮೊಬೈಲ್ ರಿಪೇರಿ ಮಾಡುವವನು, ನಿಮಗೆ ಗೊತ್ತೇ ಇದೆ. ಅಂಗಡಿಗೆ ಬರುವ ಹುಡುಗರ ಫೋನು ಆನ್ ಮಾಡಿದರೆ ಎಷ್ಟೋ ಸಲ ಒಂದೇ ಹುಡುಗಿಯ ಚಿತ್ರ ಕಾಣ್ತದೆ. ಬಾಯಿಗೆ ಅಡ್ಡ ಒಂದು ಬಿದಿರಿನ ತುಂಡು ಕಟ್ಟಿಕೊಂಡಿದ್ದಾಳೆ. ಇದೇನೋ ಹೊಸ ಫ್ಯಾಶನ್ ಇರಬೇಕು ಅಂದ್ಕೊಂಡು ಡಿಸ್‌ಪ್ಲೇ ಬದಲು ಮಾಡಿ ಕೊಡ್ತಿದ್ದೆ, ಅಷ್ಟೇ.

ಹೋದ ವರ್ಷ ನಮ್ಮ ಮೂರು ಊರುಗಳಲ್ಲಿ ಒಂದು ಊರಿನ ತಾಯಿ (ಯಾವ ಊರು ಅಂತ ಹೇಳೋದಿಲ್ಲ, ಊಹೆ ಮಾಡೋಕೂ ಹೋಗಬೇಡ್ರಿ) ಕೂಟ ಮುಗಿದ ಮೇಲೆ ಬಂದು, "ಪಾಸ್ಟರ್ರ, ನನ್ನ ಸಣ್ಣ ಮಗ ರಾತ್ರಿಯೆಲ್ಲಾ ಮೊಬೈಲ್‌ನ್ಯಾಗ ದೆವ್ವ ನೋಡ್ತಾನ್ರಿ. ನೀವರ ಬುದ್ಧಿ ಹೇಳ್ರಿ" ಅಂದರು. ಹುಡುಗ ಪಿಯುಸಿ ಎರಡನೇ ವರ್ಷ. ಕರೆದು ಕೂರಿಸಿಕೊಂಡೆ. ಬೈಬಲ್ ಕಾಲೇಜಿನಲ್ಲಿ ಇಂಥದಕ್ಕೆಲ್ಲ ಉತ್ತರ ಕಲಿಸಿರ್ತಾರೆ, ನನ್ನ ಹತ್ತಿರವೂ ವಚನಗಳು ತಯಾರಿದ್ದವು. ಹುಡುಗ ಎಲ್ಲಾ ಕೇಳಿ, "ನೀವು ನೋಡೀರೇನ್ರಿ ಪಾಸ್ಟರ್ರ?" ಅಂದ. ಇಲ್ಲ ಅಂದೆ. "ನೋಡಿ ಬೈರಿ" ಅಂದ.

ಅವನ ಮಾತಿನಲ್ಲಿ ತಪ್ಪೇನಿತ್ತು? ನಮ್ಮ ಅಜ್ಜಿಯೂ ವಿಶ್ವಾಸಕ್ಕೆ ಬರುವ ಮೊದಲು ರಾತ್ರಿಯಿಡೀ ಕೂತು ಶ್ರೀಕೃಷ್ಣ ಪಾರಿಜಾತ ನೋಡಿದವಳು. ಕುಲಗೋಡ ತಮ್ಮಣ್ಣನ ಹೆಸರು, ಕೌಜಲಗಿ ನಿಂಗಮ್ಮನ ಹೆಸರು ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? ಬ್ಯಾಪ್ಟಿಸಮ್ ಆದ ಮೇಲೆ ಅಜ್ಜಿ ಆಟಕ್ಕೆ ಹೋಗಲಿಲ್ಲ. ಆದರೆ ಸತ್ಯಭಾಮೆಯ ಹೊಟ್ಟೆಕಿಚ್ಚಿನ ಕಥೆ ಹೇಳಿಯೇ ನಮ್ಮ ಮನೆಯ ಸೊಸೆಯಂದಿರಿಗೆ ಬುದ್ಧಿ ಹೇಳ್ತಿದ್ದಳು. ನೋಡಿದವಳಾಗಿ ಮಾತಾಡ್ತಿದ್ದಳು. ನಾನು ನೋಡದೇ ಮಾತಾಡ್ತಿದ್ದೆ.

ಹಾಗಾಗಿ ನೋಡಿದೆ. ಹಿಂದಿಯಲ್ಲಿ ಸಿಗ್ತದೆ. ಕೊಯೊಹಾರು ಗೊತೊಗೆ ಅನ್ನುವವರು 2016ರಿಂದ 2020ರವರೆಗೆ ಒಂದು ವಾರಪತ್ರಿಕೆಯಲ್ಲಿ ಚಿತ್ರಕಥೆಯಾಗಿ ಬರೆದದ್ದು, 23 ಪುಸ್ತಕಗಳಾಗಿವೆ. 2019ರಲ್ಲಿ ಅನಿಮೆ ಸರಣಿಯಾಯಿತು. ಇದರ ಇನ್ಫಿನಿಟಿ ಕ್ಯಾಸಲ್ ಸಿನಿಮಾ 2025ರ ಸೆಪ್ಟೆಂಬರ್ 12ರಂದು ನಮ್ಮ ದೇಶದ ಥಿಯೇಟರಿಗೂ ಬಂತು. ಒಂದು ಮಾತು ಮೊದಲೇ ಹೇಳಿಬಿಡ್ತೀನಿ: ಇದರಲ್ಲಿ ರಕ್ತ ಬಹಳ ಇದೆ, ತಲೆ ಕಡಿಯೋದು ಬಹಳ ಇದೆ. ಸಣ್ಣ ಮಕ್ಕಳ ಕೈಗೆ ಕೊಡಬೇಡ್ರಿ. ಕಾರ್ಟೂನ್ ಅಂದ ಕೂಡಲೇ ಮಕ್ಕಳದ್ದು ಅಂದ್ಕೊಳ್ಳೋದು ನಮ್ಮ ತಪ್ಪು.

ಕಥೆ ಇಷ್ಟು. ನೂರು ವರ್ಷದ ಹಿಂದಿನ ಜಪಾನು. ತಂಜಿರೋ ಅಂತ ಇದ್ದಿಲು ಮಾರುವ ಹುಡುಗ. ಅಪ್ಪ ಇಲ್ಲ, ಮನೆಗೆ ಇವನೇ ಹಿರಿಮಗ. ಹಿಮ ಬೀಳುವ ದಿನ ಇದ್ದಿಲು ಮಾರಲು ಹೋದವನು ರಾತ್ರಿ ಹೊರಗೇ ಉಳಿದು ಬೆಳಿಗ್ಗೆ ಬಂದು ನೋಡಿದರೆ ತಾಯಿ, ತಮ್ಮಂದಿರು, ಸಣ್ಣ ತಂಗಿ ಎಲ್ಲಾ ಸತ್ತು ಬಿದ್ದಿದ್ದಾರೆ. ಓನಿಯೊಂದು ಬಂದು ಕೊಂದಿದೆ. ದೊಡ್ಡ ತಂಗಿ ನೆಜುಕೋಗೆ ಮಾತ್ರ ಉಸಿರಿದೆ. ಹೊತ್ತುಕೊಂಡು ವೈದ್ಯರ ಹತ್ತಿರ ಓಡ್ತಾನೆ. ದಾರಿಯಲ್ಲೇ ಅವಳು ಓನಿಯಾಗಿ ಎದ್ದು ಅವನ ಮೇಲೇ ಬೀಳ್ತಾಳೆ. ಬಿದಿರಿನ ತುಂಡಿನ ಹುಡುಗಿ ಅವಳೇ.

ಓನಿ ಅಂದರೆ ನಮ್ಮ ದೆವ್ವವೂ ಅಲ್ಲ, ಪೂರ್ತಿ ರಾಕ್ಷಸನೂ ಅಲ್ಲ. ಜಪಾನಿನ ಅಜ್ಜಿಕಥೆಗಳಲ್ಲಿ ಅದಕ್ಕೆ ಕೊಂಬು, ಕೋರೆಹಲ್ಲು, ಮನುಷ್ಯರನ್ನು ತಿನ್ನುವ ಹಸಿವು. ಅಲ್ಲಿ ಪ್ರತಿ ವರ್ಷ ಫೆಬ್ರುವರಿ 3ರ ಸುಮಾರಿಗೆ ಸೆತ್ಸುಬುನ್ ಅಂತ ಆಚರಣೆ ಇದೆ. ಹುರಿದ ಸೋಯಾ ಕಾಳು ಎಸೆದು, ಓನಿ ಹೊರಗೆ ಹೋಗಲಿ, ಒಳ್ಳೆಯದು ಒಳಗೆ ಬರಲಿ ಅಂತ ಕೂಗ್ತಾರೆ. ನಮ್ಮಲ್ಲಿ ಅಮಾವಾಸ್ಯೆ ದಿನ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಹಾಗೆ. ವಿಚಿತ್ರ ಏನಂದ್ರೆ, ಎಷ್ಟೋ ಮನೆಗಳಲ್ಲಿ ಓನಿಯ ಮುಖವಾಡ ಹಾಕ್ಕೊಂಡು ನಿಲ್ಲೋನು ಮನೆಯ ಅಪ್ಪನೇ. ಮಕ್ಕಳು ಕಾಳು ಎಸೆದು ಓಡಿಸ್ತಾರೆ. ಆಟ ಅದು. ಆದರೆ ಕೆಲವು ಮನೆಗಳಲ್ಲಿ ಅಪ್ಪ ಮುಖವಾಡ ಇಲ್ಲದೇನೇ ಹಾಗೆ ಇರ್ತಾನೆ, ಹೌದಲ್ರಿ?

ಇನ್ನೊಂದು ಹಳೇ ಕಥೆ ಇದೆ, ಓಯೆ ಬೆಟ್ಟದ ಶುತೆನ್ ದೋಜಿ. ಹೆಸರಿನ ಅರ್ಥವೇ ಕುಡುಕ ಹುಡುಗ. ಕೆಲವರು ಹೇಳುವ ಪ್ರಕಾರ ಅವನು ಮೊದಲು ದೇವಾಲಯದಲ್ಲಿ ಬೆಳೆದ ಚೆಂದದ ಹುಡುಗನಾಗಿದ್ದ, ಆಮೇಲೆ ಓನಿಯಾದ. ರಾಜನ ಕಡೆಯ ವೀರರು ಸನ್ಯಾಸಿ ವೇಷದಲ್ಲಿ ಹೋಗಿ, ಮದ್ದು ಹಾಕಿದ ಸೆರೆ ಕುಡಿಸಿ, ಮಲಗಿದ್ದಾಗ ತಲೆ ಕಡಿದರು. ಊರು ಉಳಿಯಿತು, ಸರಿ. ಆದರೆ ಸಾಯುವಾಗ ಆ ಓನಿಯೇ ಅವರ ಮೋಸವನ್ನು ಮೂದಲಿಸ್ತಾನೆ. ಹಳೇ ಕಾಲದ ಜನಕ್ಕೂ ಒಳಗೊಳಗೆ ಏನೋ ಚುಚ್ಚುತ್ತಿತ್ತು ಅನ್ನಿಸ್ತದೆ ನನಗೆ. ಡೀಮನ್ ಸ್ಲೇಯರ್ ಆ ಚುಚ್ಚುವ ಜಾಗಕ್ಕೇ ಬೆರಳಿಡ್ತದೆ. ಅದರಲ್ಲಿ ಪ್ರತಿ ಓನಿಯೂ ಒಂದು ಕಾಲಕ್ಕೆ ಮನುಷ್ಯ.

ಒಂದು ದೃಶ್ಯ ಹೇಳ್ತೀನಿ. ಮೈತುಂಬಾ ಕೈಗಳೇ ಬೆಳೆದಿರುವ ಒಂದು ಓನಿ. ತಂಜಿರೋನ ಗುರುವಿನ ಶಿಷ್ಯರಲ್ಲಿ 13 ಮಂದಿಯನ್ನು ತಿಂದದ್ದು. ತಂಜಿರೋ ಅದರ ತಲೆ ಕಡಿಯುತ್ತಾನೆ, ಬಿಡೋದಿಲ್ಲ. ಆದರೆ ಬೂದಿಯಾಗಿ ಹೋಗುವಾಗ ಅದಕ್ಕೆ ತನ್ನ ಬಾಲ್ಯ ನೆನಪಾಗ್ತದೆ. ಅಣ್ಣನ ಕೈ ಹಿಡಿದು ನಡೀತಿದ್ದ ಹುಡುಗ ಅದು. ಓನಿಯಾದ ಮೇಲೆ ಕಚ್ಚಿ ಕೊಂದದ್ದು ಆ ಅಣ್ಣನನ್ನೇ. ಉಳಿದ ಒಂದು ಕೈ ಚಾಚ್ತದೆ. ತಂಜಿರೋ ಆ ಕೈ ಹಿಡ್ಕೊಂಡು ಪ್ರಾರ್ಥನೆ ಮಾಡ್ತಾನೆ.

ನಾನು ಅಲ್ಲಿ ಫೋನ್ ನಿಲ್ಲಿಸಿದೆ. ಕತ್ತರಿಸಿದ ಕೈಯೇ ಹಿಡ್ಕೊಳ್ಳೋದು ಹೇಗೆ? ಇದು ಸರಿಯೋ ತಪ್ಪೋ? ಕೆಟ್ಟದ್ದರ ಮೇಲೆ ಕನಿಕರ ತೋರಿಸಿದರೆ ಸತ್ತ 13 ಮಂದಿಗೆ ದ್ರೋಹ ಆಗೋದಿಲ್ಲವೇ? ನಮ್ಮ ಹಿರಿಯರೊಬ್ಬರಿಗೆ ಹೇಳಿದಾಗ ಅವರು ಇದನ್ನೇ ಕೇಳಿದರು. "ದೆವ್ವಕ್ಕ ಎಂಥಾ ಕನಿಕರ ತಮ್ಮಾ? ಇದರ ಸಲುವಾಗೇ ಹುಡುಗರು ಕೆಡ್ತಾರ." ಅವರು ಹೇಳಿದ್ದರಲ್ಲಿ ಅರ್ಧ ನಿಜ. ಸತ್ಯವೇದದ ಪ್ರಕಾರ ದೆವ್ವ ಅಂದರೆ ಸತ್ತ ಮನುಷ್ಯನೂ ಅಲ್ಲ, ಕೆಟ್ಟುಹೋದ ಮನುಷ್ಯನೂ ಅಲ್ಲ. ಅದು ಬೇರೆ, ಮನುಷ್ಯ ಬೇರೆ. ಹಾಗಾಗಿ ಈ ಕಾರ್ಟೂನಿನಿಂದ ದೆವ್ವದ ಉಪದೇಶ ಕಲಿಯೋಕೆ ಹೋಗಬೇಡ್ರಿ. ಆದರೆ ಆ ವ್ಯತ್ಯಾಸ ನಾವು ನಿಜವಾಗಿ ನಂಬ್ತೀವಾ? ಮಾರ್ಕ 5ನೇ ಅಧ್ಯಾಯದ ಗೆರಸೇನರ ಸೀಮೆಯ ಮನುಷ್ಯನನ್ನು ನೋಡ್ರಿ. ಸಮಾಧಿಗಳಲ್ಲಿ ವಾಸ, ಕಲ್ಲಿನಿಂದ ಮೈ ಕೊಯ್ದುಕೊಳ್ಳೋದು, ಸರಪಳಿ ಹರಿಯೋದು. ಊರಿನವರಿಗೆ ಅವನೂ ದೆವ್ವವೂ ಒಂದೇ ಆಗಿಹೋಗಿತ್ತು. ಕರ್ತನು ಎರಡನ್ನೂ ಬೇರೆ ಮಾಡಿದನು. ದಂಡು ಹೊರಗೆ ಹೋಯಿತು, ಮನುಷ್ಯ ಉಳಿದನು. ಆಮೇಲೆ ಅವನನ್ನು ಎಲ್ಲಿಗೆ ಕಳಿಸಿದನು? ಮನೆಗೆ, ಅವನ ಜನರ ಹತ್ತಿರಕ್ಕೆ. ಮನೆಯವರು ಬಾಗಿಲು ತೆಗೆದರೋ ಇಲ್ಲವೋ, ಮಾರ್ಕನು ಬರೆದಿಲ್ಲ.

ನಮ್ಮ ಶಾಲೆಯಲ್ಲಿ ಎಲ್ಲರೂ ಪುಣ್ಯಕೋಟಿ ಕಲಿತೀವಿ. ಹಸುವನ್ನು ಕಂಡು ಹುಲಿ ನಾಚಿಕೆಪಟ್ಟು ಪ್ರಾಣ ಬಿಡ್ತದೆ, ನಾವು ಅಳ್ತೀವಿ. ಆದರೆ ಪಶ್ಚಾತ್ತಾಪಪಟ್ಟ ಆ ಹುಲಿ ಮರುದಿನ ಬದುಕಿದ್ದರೆ ದೊಡ್ಡಿಯ ಹತ್ತಿರ ಬರೋಕೆ ಯಾರು ಬಿಡ್ತಿದ್ರು? ಮರುದಿನದ ಪ್ರಶ್ನೆ ಬರದಂತೆ ಕಥೆ ಮುಗಿದುಬಿಡ್ತದೆ.

ಹುಡುಗನ ಹತ್ತಿರ ಹೋಗಿ, ನೋಡಿದೆ ಕಣಪ್ಪಾ, ಚೆನ್ನಾಗಿದೆ ಅಂದೆ. ಅವನು ನಗಲಿಲ್ಲ. "ಪಾಸ್ಟರ್ರ, ಮೂರು ವರ್ಷದ ಹಿಂದ ನಮ್ಮಣ್ಣನ್ನ ಹೊರಗ ಹಾಕ್ರಿ ಅಂದ್ರಿ. ಹಾಕಿದ್ವಿ. ಆಮ್ಯಾಲ ಅವನ್ನ ಯಾರು ಹೊತ್ಕೊಂಡ್ರು?" ಅಂದ.

ನಾನೇ ಹೇಳಿದ್ದು. ಅವನ ಅಣ್ಣ ಕಬ್ಬಿನ ಟ್ರ್ಯಾಕ್ಟರ್ ಓಡಿಸ್ತಿದ್ದ. ಸೀಜನ್ನಿನಲ್ಲಿ ನಿದ್ದೆ ತಡೆಯೋಕೆ ಅಂತ ಶುರುವಾದ ಕುಡಿತ ಸೀಜನ್ ಮುಗಿದರೂ ಮುಗಿಯಲಿಲ್ಲ. ತಾಯಿಯ ಬೆಂಡೋಲೆ ಮಾರಿದ. ಒಂದು ರಾತ್ರಿ ತಾಯಿಯ ಕೈ ಮುರಿದ. ಹೊರಗೆ ಹಾಕ್ರಿ ಅಂದದ್ದು ತಪ್ಪು ಅಂತ ನನಗೆ ಈಗಲೂ ಅನ್ನಿಸೋದಿಲ್ಲ. ಅವತ್ತು ಆ ತಾಯಿಯನ್ನು ಕಾಪಾಡಬೇಕಿತ್ತು. ಸಹಿಸಿಕೋ ಅಕ್ಕಾ, ಪ್ರಾರ್ಥನೆ ಮಾಡು ಅಂತ ಹೇಳಿ ಹೊಡೆತ ತಿನ್ನಿಸುವ ಪಾಸ್ಟರು ನಾನಾಗಲಾರೆ. ಆದರೆ ಅವತ್ತಿನಿಂದ ಮೂರು ವರ್ಷ, ಅವನು ಎಲ್ಲಿ ಮಲಗ್ತಾನೆ ಅಂತ ನಾನು ಒಂದು ಸಲವೂ ಕೇಳಲಿಲ್ಲ.

ಕಾರ್ಟೂನಿನಲ್ಲಿ ಒಂದು ವಿಚಾರಣೆ ಬರ್ತದೆ. ತಂಜಿರೋ ತಂಗಿಯನ್ನು ಬಿಸಿಲು ತಾಗದ ಹಾಗೆ ಮರದ ಪೆಟ್ಟಿಗೆಯಲ್ಲಿಟ್ಟು ಬೆನ್ನ ಮೇಲೆ ಹೊತ್ತು ತಿರುಗ್ತಾನೆ. ಬಾಯಿಗೆ ಬಿದಿರು ಇದ್ದೇ ಇದೆ. ಪ್ರೀತಿ ಇದೆ ಅಂತ ಬಿದಿರು ಬಿಚ್ಚಿಲ್ಲ, ಬಿದಿರು ಬೇಕು ಅಂತ ಹೊರುವುದನ್ನು ಬಿಟ್ಟಿಲ್ಲ. ಓನಿ ಬೇಟೆಗಾರರ ದೊಡ್ಡವರು ಅವನನ್ನು ಹಿಡಿದು, ಓನಿಯನ್ನು ಇಟ್ಟುಕೊಂಡದ್ದು ಅಪರಾಧ, ಇಬ್ಬರನ್ನೂ ಕೊಲ್ಲಬೇಕು ಅಂತಾರೆ. ಆಗ ಒಂದು ಪತ್ರ ಓದ್ತಾರೆ. ಅವನ ಗುರು ಉರೊಕೊದಾಕಿ ಬರೆದದ್ದು. ನೆಜುಕೋ ಮನುಷ್ಯರ ಮೇಲೆ ಬಿದ್ದರೆ ತಂಜಿರೋ ಮಾತ್ರವಲ್ಲ, ತಾನೂ, ಅವಳನ್ನು ಮೊದಲು ಬಿಟ್ಟುಕೊಟ್ಟ ಗಿಯು ಕೂಡ ಪ್ರಾಣ ಕೊಡ್ತೀವಿ ಅಂತ. ತಂಜಿರೋಗೆ ಆ ಪತ್ರದ ಸಂಗತಿ ಗೊತ್ತೇ ಇರಲಿಲ್ಲ, ಅಲ್ಲೇ ಅಳ್ತಾನೆ. ಎದುರಿನವರೂ ಸುಮ್ಮನಾಗೋದಿಲ್ಲ. ನೀವು ಸತ್ತರೆ ತಿಂದುಹೋದ ಮನುಷ್ಯ ತಿರುಗಿ ಬರ್ತಾನಾ ಅಂತ ಕೇಳ್ತಾರೆ. ಆ ಮಾತಿಗೆ ಉತ್ತರ ಇಲ್ಲ, ಕಥೆಯವರೂ ಉತ್ತರ ಇದ್ದ ಹಾಗೆ ನಟಿಸೋದಿಲ್ಲ. ಆದರೂ ಮೂರು ಜೀವ ಪಣಕ್ಕೆ ಬಿದ್ದಾವೆ.

ನಮ್ಮ ಕಡೆ ಇದಕ್ಕೆ ಜಾಮೀನು ಅಂತೀವಿ. ಸೊಸೈಟಿ ಸಾಲಕ್ಕೆ ಜಾಮೀನು ಹಾಕಿ ಹೊಲ ಕಳಕೊಂಡವರು ಈ ಕೂಟದಲ್ಲೇ ಇದ್ದೀರಿ, ಅದರ ಭಾರ ನಾನು ಹೇಳಬೇಕಾಗಿಲ್ಲ. ಜ್ಞಾನೋಕ್ತಿಗಳಲ್ಲೂ ಜಾಮೀನಿನ ಬಗ್ಗೆ ಎಚ್ಚರಿಕೆಯೇ ಇದೆ. ಆದರೆ ಆದಿಕಾಂಡ 43ರಲ್ಲಿ ಯೆಹೂದನು ಬೆನ್ಯಾಮೀನನಿಗೆ ಹೊಣೆ ನಿಲ್ತಾನೆ, 44ರಲ್ಲಿ ಅವನ ಬದಲು ತಾನೇ ಗುಲಾಮನಾಗ್ತೀನಿ ಅಂತಾನೆ. ಈ ಯೆಹೂದ ಯಾರು? 37ನೇ ಅಧ್ಯಾಯಕ್ಕೆ ಹೋಗ್ರಿ. ಯೋಸೇಫನನ್ನು ಮಾರಿಬಿಡೋಣ ಅಂತ ಸಲಹೆ ಕೊಟ್ಟವನು. ಒಬ್ಬ ತಮ್ಮನನ್ನು ಸಲಹೆಯ ಮೇಲೆ ಕಳಿಸಿಬಿಟ್ಟವನು ಇನ್ನೊಬ್ಬ ತಮ್ಮನಿಗೆ ಜಾಮೀನಾದನು. ಬೈಬಲ್ ಕಾಲೇಜಿನಲ್ಲಿ ಈ ಪಾಠಕ್ಕೆ ನನಗೆ ಒಳ್ಳೆ ಮಾರ್ಕ್ಸ್ ಬಂದಿತ್ತು. ನಾನು ಆ ಮನೆಗೆ ಸಲಹೆ ಕೊಟ್ಟೆ, ಜಾಮೀನು ಕೊಡಲಿಲ್ಲ. ಹೊರುವ ಭಾರವನ್ನು ಪೂರ್ತಿ ಆ ಹುಡುಗನ ತಲೆಯೊಳಗೆ ಬಿಟ್ಟು ಬಂದಿದ್ದೆ. ಅವನು ಅದನ್ನು ರಾತ್ರಿ ಹೊತ್ತು ಮೊಬೈಲಿನಲ್ಲಿ ನೋಡ್ತಾ ಕೂತಿದ್ದ.

ಹುಡುಕಿಕೊಂಡು ಹೋದೆ. ಗ್ಯಾರೇಜಿನ ಹಿಂದೆ ನಿಂತ ಟ್ರೇಲರಿನಲ್ಲಿ ಮಲಗ್ತಿದ್ದ. ನನ್ನನ್ನು ನೋಡಿ ಬೈಯಬಹುದು ಅಂದ್ಕೊಂಡಿದ್ದೆ. ಬಹಳ ಹೊತ್ತು ಮಾತೇ ಆಡಲಿಲ್ಲ. ಆಮೇಲೆ, "ಅವ್ವನ ಕೈ ಹ್ಯಾಂಗೈತ್ರಿ?" ಅಂದ.

ಬೆಳಗಾವಿಗೆ ಚಿಕಿತ್ಸೆಗೆ ಕರ್ಕೊಂಡು ಹೋದಾಗ ಫಾರ್ಮಿನಲ್ಲಿ ಜವಾಬ್ದಾರಿ ವಹಿಸುವವರ ಸಹಿ ಅಂತ ಒಂದು ಸಾಲು ಇತ್ತು. ಪೆನ್ನು ಹಿಡ್ಕೊಂಡು ನಾನು ಸ್ವಲ್ಪ ಹೊತ್ತು ಹಾಗೇ ಕೂತೆ, ಸುಳ್ಳು ಹೇಳೋದಿಲ್ಲ. ನನಗೂ ಹೆಂಡತಿ ಮಕ್ಕಳಿದ್ದಾರೆ, ಅಂಗಡಿ ಇದೆ. ಸಹಿ ಮಾಡಿದೆ. ಹತ್ತು ದಿನಕ್ಕೇ ಓಡಿ ಬಂದ. ತಿರುಗಿ ಕರ್ಕೊಂಡು ಹೋದೆ, ತಿರುಗಿ ಸಹಿ. ಈಗ ನಾಲ್ಕು ತಿಂಗಳಾಯಿತು. ನಡುವೆ ಎರಡು ಸಲ ಕುಡಿದಾನ, ಅದನ್ನೂ ಅವನೇ ಬಂದು ಹೇಳ್ಯಾನ. ಈ ಸಂಗತಿಯನ್ನು ಕೂಟದಲ್ಲಿ ಹೇಳ್ರಿ ಅಂದವನೂ ಅವನೇ, ಹೆಸರು ಮಾತ್ರ ಬ್ಯಾಡ ಅಂದಾನ.

ತಾಯಿ ಅವನನ್ನು ಒಳಗೆ ಕರ್ಕೊಂಡಿಲ್ಲ. ಹಗಲು ಬರಬಹುದು, ಪಡಸಾಲೆಯಲ್ಲಿ ಉಣ್ಣಬಹುದು, ಕತ್ತಲಾಗುವ ಮೊದಲು ಹೋಗಬೇಕು. ಆ ನಿಯಮ ಮಾಡಿದ್ದು ಆ ತಾಯಿ, ಅದನ್ನು ಎಷ್ಟು ದಿನ ಇಡಬೇಕು ಅನ್ನೋದೂ ಅವರಿಗೇ ಬಿಟ್ಟದ್ದು. ಕ್ಷಮಿಸಿಬಿಡಕ್ಕಾ ಅಂತ ಯಾರಾದರೂ ಅವರ ಮನೆಗೆ ಹೋಗಿ ಒತ್ತಾಯ ಮಾಡಿದ್ದು ಗೊತ್ತಾದರೆ ನಾನು ಜಗಳಕ್ಕೆ ಬರ್ತೀನಿ. ಬಿದಿರು ಬಿಚ್ಚೋದು ನಮ್ಮ ಕೈಯಲ್ಲಿಲ್ಲ.

ನಮ್ಮ ಕೈಯಲ್ಲಿರೋದು ರಾತ್ರಿ. ಈಗ ಅವನು ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಲಗ್ತಾನೆ. ಈ ತಿಂಗಳು ಕಬ್ಬಿನ ಸೀಜನ್ ಶುರುವಾಗ್ತದೆ, ಟ್ರ್ಯಾಕ್ಟರಿನವರು ಕರೀತಾರೆ, ಹಳೇ ಗೆಳೆಯರೂ ಕರೀತಾರೆ. ಸಂಜೆ ಏಳರಿಂದ ಹತ್ತರವರೆಗೆ ಅವನ ಜೊತೆ ಕೂರುವವರು ಬೇಕು, ವಾರಕ್ಕೆ ಒಬ್ಬೊಬ್ಬರು ಒಂದೊಂದು ದಿನ. ಬುಧವಾರ ಮತ್ತು ಶನಿವಾರ ಖಾಲಿ ಇದೆ. ಶುಕ್ರವಾರ ಅವನ ತಮ್ಮ ಬರ್ತಾನೆ, ಇಬ್ಬರೂ ಕೂತು ಅದೇ ಕಾರ್ಟೂನ್ ನೋಡ್ತಾರೆ, ನಾನು ಏನೂ ಅನ್ನೋದಿಲ್ಲ. ಬರೋಕೆ ಮನಸ್ಸಿದ್ದವರು ಕೂಟ ಮುಗಿದ ಮೇಲೆ ನನ್ನ ಹತ್ರ ಹೆಸರು ಕೊಡ್ರಿ. ಎದ್ದು ನಿಲ್ರಿ, ಪ್ರಾರ್ಥನೆ ಮಾಡೋಣ.